ಹೊಗೆಸೊಪ್ಪು ಬಿಡಿ ಎನ್ನುವವರು ಹದಿನೇಳನೇ ವಿಧಿಯ ಬಾಕಿ ತೀರಿಸಲಿ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಮತ್ತು ಎಚ್.ಡಿ. ಕೋಟೆ ತಾಲ್ಲೂಕುಗಳ ತಂಬಾಕು ಬೆಳೆಗಾರರಲ್ಲಿ, ಕೂಲಿಕಾರರಲ್ಲಿ, ಗ್ರಾಮ ಪಂಚಾಯಿತಿ ಸದಸ್ಯರಲ್ಲಿ ಒಂದು ವಿನಂತಿ



ನಮ್ಮ ನಾಲ್ಕು ತಾಲ್ಲೂಕುಗಳ ಹೊಲದಲ್ಲಿ ಮುಂದೆ ಏನು ಬೆಳೆಯುತ್ತದೆ ಎಂಬುದು ಈಗ ಜಿನೀವಾ, ಬ್ರಸೆಲ್ಸ್, ಲಂಡನ್‌ಗಳಲ್ಲಿ ತೀರ್ಮಾನವಾಗುತ್ತಿದೆ. 2025ರ ನವೆಂಬರಿನಲ್ಲಿ ಜಿನೀವಾದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಪ್ಪಂದದ 11ನೇ ಸಮ್ಮೇಳನ ನಡೆಯಿತು. ಅದೇ ವರ್ಷದ ಜುಲೈನಲ್ಲಿ ಐರೋಪ್ಯ ಆಯೋಗವು ಸಿಗರೇಟಿನ ಕನಿಷ್ಠ ಅಬಕಾರಿ ಸುಂಕವನ್ನು ಎರಡು ಪಟ್ಟಿಗೂ ಮೀರಿ ಏರಿಸುವ ಪ್ರಸ್ತಾವ ಮುಂದಿಟ್ಟಿತು. ಈಗ ಜನಸಂಖ್ಯೆಯ ಕಾಲು ಭಾಗದಷ್ಟಿರುವ ತಂಬಾಕು ಬಳಕೆದಾರರನ್ನು 2040ರ ಹೊತ್ತಿಗೆ ಶೇ 5ಕ್ಕಿಂತ ಕೆಳಗಿಳಿಸುವುದು ಐರೋಪ್ಯ ಒಕ್ಕೂಟದ ಗುರಿ. 2009ರ ಜನವರಿ 1ರಂದು ಮತ್ತು ಆಮೇಲೆ ಹುಟ್ಟಿದ ಯಾರಿಗೂ ಎಂದೆಂದಿಗೂ ಸಿಗರೇಟು ಮಾರಬಾರದು ಎಂಬ ಮಸೂದೆಯನ್ನು ಬ್ರಿಟನ್ ತನ್ನ ಸಂಸತ್ತಿಗೆ ತಂದಿತು. ಇದೆಲ್ಲ ದೂರದ ಸುದ್ದಿ ಎಂದು ಬಿಡುವಂತಿಲ್ಲ. ಭಾರತದ ತಂಬಾಕು ಕೊಳ್ಳುವ ದೊಡ್ಡ ದೇಶಗಳಲ್ಲಿ ಬೆಲ್ಜಿಯಂ ಒಂದು. ಕಟ್ಟೆಮಳಲವಾಡಿ, ಚಿಲ್ಕುಂದ, ಕಗ್ಗುಂಡಿ, ಕಂಪಲಾಪುರ, ಎಚ್.ಡಿ. ಕೋಟೆಯ ಹರಾಜು ಮಾರುಕಟ್ಟೆಗಳಲ್ಲಿ ಬೇಲ್‌ಗೆ ಕೂಗುವ ಬೆಲೆಯ ಬೇರು ಅಂಥ ದೇಶಗಳಲ್ಲಿದೆ. ಈ ಕರಪತ್ರದ ವಾದ ಒಂದೇ: ತಂಬಾಕು ನಿಯಂತ್ರಣ ಒಪ್ಪಂದವನ್ನು ನಾವು ವಿರೋಧಿಸುವುದು ಬೇಡ. ಆ ಒಪ್ಪಂದ ಬೆಳೆಗಾರನಿಗೆ ಮತ್ತು ಕೂಲಿಕಾರನಿಗೆ ಕೊಟ್ಟ ಮಾತನ್ನು ಸರ್ಕಾರ ಇನ್ನೂ ನಡೆಸಿಕೊಟ್ಟಿಲ್ಲ. ಆ ಬಾಕಿಯನ್ನು, ಆ ಒಪ್ಪಂದದ ಹೆಸರಿನಲ್ಲೇ, ಒಟ್ಟಾಗಿ ಕೇಳೋಣ.

ಮೊದಲು ಒಪ್ಪಂದದಲ್ಲಿ ಏನಿದೆ ಎಂದು ತಿಳಿಯಬೇಕು. 2003ರ ಮೇ ತಿಂಗಳಲ್ಲಿ ಅಂಗೀಕಾರವಾದ ಈ ಒಪ್ಪಂದವನ್ನು ಭಾರತ 2004ರ ಫೆಬ್ರುವರಿಯಲ್ಲಿ ಒಪ್ಪಿ ಸಹಿಯನ್ನು ಸ್ಥಿರಪಡಿಸಿತು. 2005ರ ಫೆಬ್ರುವರಿ 27ರಿಂದ ಅದು ಜಾರಿಯಲ್ಲಿದೆ. ತೆರಿಗೆ ಏರಿಸಿ, ಜಾಹೀರಾತು ನಿಲ್ಲಿಸಿ, ಪೊಟ್ಟಣದ ಮೇಲೆ ಎಚ್ಚರಿಕೆಯ ಚಿತ್ರ ಹಾಕಿ ಎಂಬ ವಿಧಿಗಳು ನಮಗೆಲ್ಲ ಗೊತ್ತಿವೆ, ಏಕೆಂದರೆ ಅವು ಜಾರಿಗೆ ಬಂದಿವೆ. 2016ರ ಏಪ್ರಿಲ್‌ನಿಂದ ಪೊಟ್ಟಣದ ಎರಡೂ ಬದಿಯ ಶೇ 85 ಭಾಗವನ್ನು ಎಚ್ಚರಿಕೆಯೇ ಆವರಿಸಿದೆ. ಅದೇ ಒಪ್ಪಂದದ 17ನೇ ವಿಧಿ ಮಾತ್ರ ಹಳ್ಳಿಯವರೆಗೆ ಬಂದು ತಲುಪಿಲ್ಲ. ತಂಬಾಕು ಕೆಲಸಗಾರರಿಗೆ, ಬೆಳೆಗಾರರಿಗೆ, ಸಣ್ಣ ಮಾರಾಟಗಾರರಿಗೆ ಆರ್ಥಿಕವಾಗಿ ಗಿಟ್ಟುವ ಬದಲಿ ಬದುಕನ್ನು ಸರ್ಕಾರಗಳು ಬೆಂಬಲಿಸಬೇಕು ಎನ್ನುವುದು ಆ ವಿಧಿ. ಅದರಲ್ಲಿ ಮೊದಲ ಹೆಸರು ಕೆಲಸಗಾರನದು ಎಂಬುದನ್ನು ಗಮನಿಸಿ. ಬೆಳೆಯ ಕೆಲಸದಲ್ಲಿ ಪರಿಸರವನ್ನೂ ಜನರ ಆರೋಗ್ಯವನ್ನೂ ಕಾಯಬೇಕೆಂದು 18ನೇ ವಿಧಿ ಹೇಳುತ್ತದೆ. ಬದಲಿ ಬೆಳೆಗೆ ಹಣದ ನೆರವು ಒದಗಬೇಕೆಂಬ ಮಾತು 26ನೇ ವಿಧಿಯಲ್ಲಿದೆ. 2014ರಲ್ಲಿ ಮಾಸ್ಕೊ ಸಮ್ಮೇಳನವು 17 ಮತ್ತು 18ನೇ ವಿಧಿಗಳ ಬಗ್ಗೆ ನೀತಿ ಶಿಫಾರಸುಗಳನ್ನು ಒಪ್ಪಿಕೊಂಡಾಗ, ನೀತಿ ರೂಪಿಸುವಲ್ಲಿ ಬೆಳೆಗಾರರನ್ನೂ ಕೆಲಸಗಾರರನ್ನೂ ಸೇರಿಸಿಕೊಳ್ಳಬೇಕೆಂದು ಸ್ಪಷ್ಟವಾಗಿ ಬರೆಯಿತು. ಆದರೆ ಎರಡೇ ವರ್ಷದಲ್ಲಿ, 2016ರ ನವೆಂಬರಿನಲ್ಲಿ, ಏಳನೇ ಸಮ್ಮೇಳನ ನಮ್ಮದೇ ದೇಶದ ಗ್ರೇಟರ್ ನೊಯ್ಡಾದಲ್ಲಿ ನಡೆದಾಗ ಬೆಳೆಗಾರರು ಹೊರಗೆ ನಿಂತು ಪ್ರತಿಭಟಿಸಬೇಕಾಯಿತು.

ನಮ್ಮ ಭಾಗದ ರೈತ ಈ ಬೆಳೆಗೆ ತಾನಾಗಿ ಬಂದು ಸಿಕ್ಕಿಕೊಂಡವನಲ್ಲ. 1975ರ ಕಾಯ್ದೆಯಂತೆ ತಂಬಾಕು ಮಂಡಳಿ ಹುಟ್ಟಿತು. ಹುಣಸೂರಿನಲ್ಲಿ ಸಂಶೋಧನಾ ಕೇಂದ್ರ ನಿಂತಿತು, ತಳಿ ಬಂತು, ಸೊಪ್ಪು ಹದಗೊಳಿಸುವ ಬ್ಯಾರನ್ ಕಟ್ಟಲು ಬ್ಯಾಂಕುಗಳು ಸಾಲ ಕೊಟ್ಟವು, 1984ರಲ್ಲಿ ಮಂಡಳಿಯ ಹರಾಜು ಶುರುವಾಯಿತು. ಇವತ್ತು ರಾಜ್ಯದಲ್ಲಿ ಸುಮಾರು 40 ಸಾವಿರ ಲೈಸೆನ್ಸ್‌ದಾರ ಬೆಳೆಗಾರರಿದ್ದಾರೆ, ಮಂಡಳಿ ನಿಗದಿ ಮಾಡುವ ಬೆಳೆ ಪ್ರಮಾಣ ವರ್ಷಕ್ಕೆ 10 ಕೋಟಿ ಕೆಜಿಯ ಆಸುಪಾಸು. ಅದರ ಬಹುಪಾಲು ನಮ್ಮ ಮೈಸೂರು ಜಿಲ್ಲೆಯದೇ. ಸರ್ಕಾರವೇ ಕರೆದು ಕೂರಿಸಿದ ಬೆಳೆ ಇದು. ಈಗ ಅದೇ ಸರ್ಕಾರದ ವಾಣಿಜ್ಯ ಸಚಿವಾಲಯ ಮಂಡಳಿಯ ಮೂಲಕ ರಫ್ತು ಬೆಳೆಸುತ್ತದೆ, ಆರೋಗ್ಯ ಸಚಿವಾಲಯ ಬಳಕೆ ತಗ್ಗಿಸಲು ಶ್ರಮಿಸುತ್ತದೆ, ಕೃಷಿ ಸಚಿವಾಲಯ 2015-16ರಿಂದ ಬೆಳೆ ವೈವಿಧ್ಯ ಯೋಜನೆಯನ್ನು ಕರ್ನಾಟಕವೂ ಸೇರಿದ ತಂಬಾಕು ರಾಜ್ಯಗಳಿಗೆ ವಿಸ್ತರಿಸಿದೆ ಎನ್ನುತ್ತದೆ. ಮೂರು ಸಚಿವಾಲಯ, ಮೂರು ದಾರಿ. ಪ್ರಾತ್ಯಕ್ಷಿಕೆಯ ತಾಕು, ಬೀಜದ ಪೊಟ್ಟಣ, ತರಬೇತಿ ಶಿಬಿರ ಇವು ಕೆಟ್ಟವೆಂದು ಯಾರೂ ಹೇಳುವುದಿಲ್ಲ. ಆದರೆ ಬ್ಯಾರನ್ ಸಾಲ ಹೊತ್ತವನು ಬೇರೆ ಬೆಳೆಗೆ ಹೊರಳಲು ಅಷ್ಟು ಸಾಲದು.

ಬೇರೆ ದೇಶಗಳು ತಮ್ಮ ಬೆಳೆಗಾರರಿಗೆ ಏನು ಮಾಡಿದವೆಂದು ನೋಡಿದರೆ ನಮ್ಮ ಕೇಳಿಕೆ ಎಷ್ಟು ನ್ಯಾಯದ್ದೆಂದು ಗೊತ್ತಾಗುತ್ತದೆ. ಐರೋಪ್ಯ ಒಕ್ಕೂಟ ಒಂದು ಕಾಲದಲ್ಲಿ ಇಟಲಿ, ಗ್ರೀಸ್, ಸ್ಪೇನ್‌ಗಳ ತಂಬಾಕು ರೈತರಿಗೆ ವರ್ಷಕ್ಕೆ ಹತ್ತಿರ ಹತ್ತಿರ 100 ಕೋಟಿ ಯೂರೊ ಸಹಾಯಧನ ಕೊಡುತ್ತಿತ್ತು. ಅದನ್ನು ಒಂದೇ ದಿನಕ್ಕೆ ನಿಲ್ಲಿಸಲಿಲ್ಲ. 2004ರಲ್ಲಿ ತೀರ್ಮಾನಿಸಿ, 2006ರಿಂದ ಹಂತಹಂತವಾಗಿ ಇಳಿಸಿ, 2010ರಲ್ಲಿ ಬೆಳೆಗೂ ಸಹಾಯಧನಕ್ಕೂ ಇದ್ದ ನಂಟು ಕಡಿದು, ಆ ಹಣದ ಅರ್ಧವನ್ನು ತಂಬಾಕು ಪ್ರದೇಶಗಳ ಗ್ರಾಮೀಣಾಭಿವೃದ್ಧಿಗೇ ತಿರುಗಿಸಿತು. ಅಮೆರಿಕ 2004ರ ಕಾಯ್ದೆಯಲ್ಲಿ ಕೋಟಾ ಪದ್ಧತಿ ರದ್ದುಪಡಿಸಿದಾಗ ಕೋಟಾ ಒಡೆಯರಿಗೆ ಪೌಂಡಿಗೆ 7 ಡಾಲರ್, ಬೆಳೆದವರಿಗೆ 3 ಡಾಲರ್ ಲೆಕ್ಕದಲ್ಲಿ ಹತ್ತು ವರ್ಷ ಪರಿಹಾರ ಕೊಟ್ಟಿತು. ಆ ಹಣವನ್ನು ಸಿಗರೇಟು ತಯಾರಕರಿಂದಲೂ ಆಮದುದಾರರಿಂದಲೂ ವಸೂಲಿ ಮಾಡಿತು. ಕಲ್ಲಿದ್ದಲು ಗಣಿ ಮುಚ್ಚುವ ಪ್ರದೇಶಗಳಿಗೂ ಯುರೋಪು ಇದೇ ನಿಯಮ ಅನ್ವಯಿಸಿದೆ: 2038ರ ಒಳಗೆ ಕಲ್ಲಿದ್ದಲು ವಿದ್ಯುತ್ತಿನಿಂದ ಹೊರಬರಲು ಜರ್ಮನಿ 2020ರಲ್ಲಿ ಕಾನೂನು ಮಾಡಿದಾಗ ಆ ಪ್ರದೇಶಗಳಿಗೆಂದು 4,000 ಕೋಟಿ ಯೂರೊವರೆಗೆ ತೆಗೆದಿಟ್ಟಿತು. ಲೋಕದ ಒಳಿತಿಗಾಗಿ ಒಂದು ಸೀಮೆಯ ಕಸುಬು ನಿಲ್ಲಬೇಕಾದರೆ ಅದರ ವೆಚ್ಚವನ್ನು ಆ ಸೀಮೆಯೊಂದೇ ಹೊರಬಾರದು ಎಂಬುದು ಇಲ್ಲಿನ ನೀತಿ. ತಮ್ಮವರಿಗೆ ಸರಿ ಎಂದು ಅವರು ಕಂಡುಕೊಂಡದ್ದು ಹುಣಸೂರಿನವರಿಗೂ ಸರಿಯೇ.

ಬೇರೆ ಬೆಳೆ ಇಲ್ಲಿ ಗಿಟ್ಟುವುದಿಲ್ಲ ಎಂಬುದು ಮೊದಲ ಆಕ್ಷೇಪ, ಅದರಲ್ಲಿ ತಿರುಳೂ ಇದೆ. ಭರಣಿ, ಕೃತ್ತಿಕೆಯ ಮಳೆ ನೆಚ್ಚಿ ನಾಟಿ ಮಾಡುವ ಖುಷ್ಕಿ ಕೆಂಪು ಭೂಮಿಯಲ್ಲಿ ತಂಬಾಕಿನಷ್ಟು ದುಡ್ಡನ್ನು ಒಮ್ಮೆಗೇ ಕೈಗಿಡುವ ಬೆಳೆ ಸುಲಭಕ್ಕೆ ಸಿಗದು. ಶುಂಠಿ ಒಂದು ವರ್ಷ ಎತ್ತಿ ಮೆರೆಸಿ ಇನ್ನೊಂದು ವರ್ಷ ನೆಲಕ್ಕೆ ಕೆಡವುತ್ತದೆ. ಆದರೆ ತಂಬಾಕಿನ ಲೆಕ್ಕವನ್ನು ಪೂರ್ತಿ ಬರೆದು ನೋಡಬೇಕು. ಒಂದು ಕೆಜಿ ಸೊಪ್ಪು ಹದಗೊಳ್ಳಲು ಸುಮಾರು ನಾಲ್ಕೈದು ಕೆಜಿ ಸೌದೆ ಬೇಕು. 10 ಕೋಟಿ ಕೆಜಿಗೆ ನಾಲ್ಕು ಲಕ್ಷ ಟನ್ನಿಗೂ ಮೇಲೆ ಸೌದೆ ಸುಡುತ್ತದೆ, ಅದೂ ನಾಗರಹೊಳೆ, ಬಂಡೀಪುರಗಳ ಮಗ್ಗುಲಲ್ಲಿ. ಸಸಿಮಡಿಯಿಂದ ಗ್ರೇಡಿಂಗ್‌ವರೆಗಿನ ಮನೆಮಂದಿಯ ದುಡಿಮೆಯನ್ನು ಯಾರೂ ಖರ್ಚಿಗೆ ಹಾಕುವುದಿಲ್ಲ. ಒದ್ದೆ ಎಲೆ ಮುರಿಯುವಾಗ ನಿಕೋಟಿನ್ ಚರ್ಮದ ಮೂಲಕ ಒಳಗಿಳಿದು ತಲೆಸುತ್ತು, ವಾಂತಿ ತರುತ್ತದೆ. ಅದಕ್ಕೆ ಯಾವ ಹರಾಜಿನಲ್ಲೂ ಬೆಲೆ ಕಟ್ಟುವುದಿಲ್ಲ. ರಾಗಿಗೆ, ಭತ್ತಕ್ಕೆ ಇರುವ ಬೆಂಬಲ ಬೆಲೆಯೂ ಇದಕ್ಕಿಲ್ಲ. ತಂಬಾಕಿಗೆ ನಿಜವಾಗಿ ಇರುವ ಅನುಕೂಲವೆಂದರೆ ನಿಶ್ಚಿತ ಮಾರುಕಟ್ಟೆ: ಬೇಲ್ ಒಯ್ದರೆ ಕೊಳ್ಳುವವನಿದ್ದಾನೆ, ಹಣ ಬ್ಯಾಂಕಿಗೆ ಬರುತ್ತದೆ. ಆ ಅನುಕೂಲವನ್ನು ಬೇರೆ ಬೆಳೆಗೂ ಕೊಡಬಹುದು. ಕೀನ್ಯಾದ ಮಿಗೋರಿ ಸೀಮೆಯಲ್ಲಿ 2022ರಿಂದ ವಿಶ್ವಸಂಸ್ಥೆಯ ಆರೋಗ್ಯ, ಕೃಷಿ ಮತ್ತು ಆಹಾರ ಸಂಸ್ಥೆಗಳು ಒಟ್ಟಾಗಿ ತಂಬಾಕು ರೈತರಿಗೆ ಕಬ್ಬಿಣಾಂಶ ಹೆಚ್ಚಿರುವ ಬೀನ್ಸ್ ಬೀಜ ಕೊಟ್ಟವು, ಬೆಳೆದದ್ದನ್ನು ಕೊಳ್ಳುವ ಭರವಸೆಯನ್ನೂ ಕೊಟ್ಟವು. ನಮ್ಮಲ್ಲಿ ಬಿಸಿಯೂಟ, ಅಂಗನವಾಡಿ, ಹಾಸ್ಟೆಲುಗಳು ವರ್ಷವಿಡೀ ಧಾನ್ಯ, ಬೇಳೆ ಕೊಳ್ಳುತ್ತವೆ. ಆ ಖರೀದಿಯ ಒಂದು ಪಾಲನ್ನು ತಂಬಾಕು ಬಿಟ್ಟವರ ರಾಗಿ, ಅವರೆ, ತೊಗರಿಗೆ ಮೀಸಲಿಟ್ಟರೆ ಬೆಳೆಯುವ ಧೈರ್ಯ ತಾನಾಗಿ ಬರುತ್ತದೆ.

ಈಚಿನ ಕೆಲವು ಹಂಗಾಮುಗಳಲ್ಲಿ ಸರಾಸರಿ ಬೆಲೆ ಕೆಜಿಗೆ 200 ರೂಪಾಯಿ ದಾಟಿರುವಾಗ ಈ ಮಾತು ಯಾಕೆ ಎಂಬುದು ಎರಡನೇ ಆಕ್ಷೇಪ. ಬೇರೆ ಕಡೆ ಬೆಳೆ ಕೆಟ್ಟಾಗ ನಮ್ಮ ಬೆಲೆ ಏರುತ್ತದೆ, ಅಲ್ಲಿ ಚೆನ್ನಾಗಿ ಬಂದಾಗ ಇಳಿಯುತ್ತದೆ. ಆ ಏರಿಳಿತದ ಕೆಳಗೆ ಒಂದು ದೊಡ್ಡ ಇಳಿಜಾರಿದೆ: 2000ದಲ್ಲಿ ಲೋಕದ ಮೂವರು ವಯಸ್ಕರಲ್ಲಿ ಒಬ್ಬರು ತಂಬಾಕು ಬಳಸುತ್ತಿದ್ದರು, 2022ರ ಹೊತ್ತಿಗೆ ಅದು ಐವರಲ್ಲಿ ಒಬ್ಬರಿಗೆ ಇಳಿದಿತ್ತು. ಕೈಯಲ್ಲಿ ಒಳ್ಳೆಯ ಬೆಲೆಯಿರುವಾಗ ಚೌಕಾಸಿ ಮಾಡುವವನ ಮಾತಿಗೆ ತೂಕವಿರುತ್ತದೆ. ಬೆಲೆ ಕುಸಿದು ಸಾಲಗಾರ ಬಾಗಿಲಿಗೆ ಬಂದ ವರ್ಷ ಕೊಟ್ಟಷ್ಟು ತೆಗೆದುಕೊಂಡು ಹೋಗಬೇಕಾಗುತ್ತದೆ. ನಾವು ಬಿಟ್ಟರೆ ಬ್ರೆಜಿಲ್, ಜಿಂಬಾಬ್ವೆ ಬೆಳೆಯುತ್ತವೆ, ಸೇದುವವರು ಸೇದಿಯೇ ಸೇದುತ್ತಾರೆ ಎಂಬ ಮಾತೂ ಇದೆ. ಅದು ನಿಜವೇ ಇರಬಹುದು. ಆದರೆ ನಾವು ಕೇಳುತ್ತಿರುವುದು ಬಲವಂತದ ನಿಷೇಧವನ್ನಲ್ಲ, ಬಿಡಲು ಬಯಸುವವನಿಗೆ ಮರ್ಯಾದೆಯ ದಾರಿಯನ್ನು. ಉಳಿಯುವವರು ಉಳಿಯಲಿ. ಮಾರುಕಟ್ಟೆಗೆ ಬರುವ ಮಾಲು ತಗ್ಗಿದರೆ ಅವರಿಗೂ ನಷ್ಟವಿಲ್ಲ.

ಹಣ ಎಲ್ಲಿಂದ ಎಂಬುದು ಮೂರನೇ ಪ್ರಶ್ನೆ. ಲೆಕ್ಕ ಹಾಕಿ ನೋಡೋಣ. ರಾಜ್ಯದ 10 ಕೋಟಿ ಕೆಜಿಯ ಪ್ರತಿ ಕೆಜಿಗೂ ಒಮ್ಮೆ ಮಾತ್ರ 300 ರೂಪಾಯಿ ಪರಿಹಾರವೆಂದರೂ ಒಟ್ಟು 3,000 ಕೋಟಿ ರೂಪಾಯಿ, ಐದು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 600 ಕೋಟಿ. 1,500 ಕೆಜಿ ಲೈಸೆನ್ಸ್ ಇರುವ ಮನೆಗೆ ಅದು ನಾಲ್ಕೂವರೆ ಲಕ್ಷ. 2023-24ರಲ್ಲಿ ದೇಶದ ತಂಬಾಕು ಮತ್ತು ತಂಬಾಕು ಉತ್ಪನ್ನಗಳ ರಫ್ತಿನ ಮೌಲ್ಯ 12,000 ಕೋಟಿ ರೂಪಾಯಿ. 2017-18ರಲ್ಲಿ ತಂಬಾಕಿನ ರೋಗ ಮತ್ತು ಅಕಾಲ ಮರಣದಿಂದ ದೇಶಕ್ಕಾದ ನಷ್ಟ 1,77,341 ಕೋಟಿ ರೂಪಾಯಿ ಎಂದು ಅಂದಾಜಾಗಿದೆ. ಆ ನಷ್ಟದ ನೂರರಲ್ಲಿ ಎರಡು ಪಾಲೂ ಆಗದ ಹಣ ಈ 3,000 ಕೋಟಿ. ಸಿಗರೇಟಿನ ತೆರಿಗೆಯ ಒಂದು ಸಣ್ಣ ಪಾಲನ್ನು ಕಾನೂನಿನ ಮೂಲಕವೇ ಇದಕ್ಕೆ ಕಟ್ಟಿಡಬಹುದು, ಅಮೆರಿಕದಂತೆ ತಯಾರಕರಿಂದಲೂ ವಸೂಲಿ ಮಾಡಬಹುದು. ಜೊತೆಗೆ ಕೆನಡಾದ ಪಾಠವನ್ನೂ ಮರೆಯಬಾರದು. 2008ರಲ್ಲಿ ಅಲ್ಲಿನ ಸರ್ಕಾರ ಒಂಟಾರಿಯೊ ಬೆಳೆಗಾರರಿಗೆ ಸುಮಾರು 28 ಕೋಟಿ ಡಾಲರ್ ಕೊಟ್ಟಿತು. ಹಣ ಪಡೆದ ಮನೆಗಳಲ್ಲೇ ಬೇರೆಯವರ ಹೆಸರಿನಲ್ಲಿ ಬೆಳೆ ಮುಂದುವರಿಯಿತೆಂದು ಲೆಕ್ಕ ಪರಿಶೋಧಕರು ಆಮೇಲೆ ಬರೆದರು. ಆದ್ದರಿಂದ ಪರಿಹಾರ ಪಡೆದವರ ಲೈಸೆನ್ಸ್ ಖಾಯಂ ರದ್ದಾಗಬೇಕು, ಬ್ಯಾರನ್ ಇಳಿಸಬೇಕು ಎಂಬ ಷರತ್ತನ್ನು ನಾವೇ ಮುಂದಾಗಿ ಒಪ್ಪಬೇಕು.

ವಿಷ ಬೆಳೆದವರಿಗೆ ಪರಿಹಾರವೇಕೆ ಎಂದು ಕೇಳುವವರೂ ಇದ್ದಾರೆ. ತಂಬಾಕು ವರ್ಷಕ್ಕೆ ಲೋಕದಲ್ಲಿ 70 ಲಕ್ಷಕ್ಕೂ ಹೆಚ್ಚು ಜನರನ್ನು, ನಮ್ಮ ದೇಶದಲ್ಲೇ 13 ಲಕ್ಷಕ್ಕೂ ಮೇಲೆ ಜನರನ್ನು ಕೊಲ್ಲುತ್ತದೆ ಎಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಅಲ್ಲಗಳೆಯುವುದು ನಮಗೆ ಶೋಭೆಯೂ ಅಲ್ಲ, ಆ ಸಾವುಗಳು ನಮ್ಮ ಊರಿನಲ್ಲೂ ಆಗುತ್ತವೆ. ಆದರೆ ಐವತ್ತು ವರ್ಷ ಈ ಬೆಳೆಗೆ ಲೈಸೆನ್ಸ್ ಕೊಟ್ಟು, ಸಾಲ ಕೊಟ್ಟು, ವಿದೇಶಿ ವಿನಿಮಯವನ್ನೂ ತೆರಿಗೆಯನ್ನೂ ಪಡೆದ ದೇಶ ಹೊಣೆಯನ್ನು ಮಾತ್ರ ಬೆಳೆಗಾರನ ಹೆಗಲಿಗೆ ಹಾಕಿ ಪಕ್ಕಕ್ಕೆ ಸರಿಯಲಾಗದು. ಇನ್ನೊಂದು ಕಡೆ, ನಿಯಂತ್ರಣದ ಮಾತು ಬಂದಾಗಲೆಲ್ಲ ರೈತನ ಹೆಸರನ್ನು ಮುಂದಿಡುವ ಸಿಗರೇಟು ಉದ್ಯಮದ ಹಿತವೂ ನಮ್ಮ ಹಿತವೂ ಒಂದೇ ಅಲ್ಲ. ಅವರಿಗೆ ಅಗ್ಗದ ಸೊಪ್ಪು ಬೇಕು, ನಮಗೆ ಸಾಲವಿಲ್ಲದ ಬದುಕು ಬೇಕು. ಒಪ್ಪಂದದ 5.3ನೇ ವಿಧಿ ಉದ್ಯಮದ ಪ್ರಭಾವವನ್ನು ನೀತಿಯಿಂದ ದೂರವಿಡಲು ಹೇಳುತ್ತದೆ. ಆದ್ದರಿಂದ ನಮ್ಮ ಮಾತನ್ನು ಅವರ ಹಣವಿಲ್ಲದೆ, ಅವರ ವೇದಿಕೆಯಿಲ್ಲದೆ, ನಾವೇ ಆಡಬೇಕು.

ನಮ್ಮ ಹಕ್ಕೊತ್ತಾಯಗಳು ಇವು. ಒಂದು, ಸ್ವಇಚ್ಛೆಯಿಂದ ಲೈಸೆನ್ಸ್ ಒಪ್ಪಿಸುವ ಬೆಳೆಗಾರರಿಗೆ ಕೆಜಿ ಲೆಕ್ಕದ ಪರಿಹಾರವನ್ನು ಐದು ವರ್ಷದ ಕಂತಿನಲ್ಲಿ ಕೊಡಬೇಕು, ಬ್ಯಾರನ್ ಸಾಲದ ಬಡ್ಡಿಯನ್ನು ಆ ಅವಧಿಗೆ ಮನ್ನಾ ಮಾಡಬೇಕು. ಎರಡು, ಪರಿಹಾರದ ಮೊದಲ ಕಂತಿಗೂ ಮುಂಚೆಯೇ ಬದಲಿ ಬೆಳೆಯ ಖರೀದಿ ಖಾತರಿಯಾಗಬೇಕು. ತಂಬಾಕು ಮಂಡಳಿಯ ಹರಾಜು ಕಟ್ಟಡಗಳು, ತೂಕದ ಯಂತ್ರಗಳು, ಬ್ಯಾಂಕಿಗೆ ನೇರ ಪಾವತಿಯ ವ್ಯವಸ್ಥೆ ಶುಂಠಿ, ಮುಸುಕಿನ ಜೋಳ, ಬೇಳೆಕಾಳುಗಳಿಗೂ ತೆರೆಯಬೇಕು. ಮೂರು, ಎಲೆ ಮುರಿಯುವ, ಸೊಪ್ಪು ಕಟ್ಟುವ, ಗ್ರೇಡ್ ಮಾಡುವ ಕೂಲಿಕಾರರಿಗೆ, ಅವರಲ್ಲಿ ಹೆಚ್ಚಿನವರಾದ ಹೆಂಗಸರಿಗೆ ಮತ್ತು ಎಚ್.ಡಿ. ಕೋಟೆ, ಹುಣಸೂರಿನ ಹಾಡಿಗಳ ಜನರಿಗೆ, ಈ ಪರಿಹಾರದ ನಿಧಿಯಲ್ಲಿ ಪ್ರತ್ಯೇಕ ಪಾಲಿರಬೇಕು. ಜಮೀನಿಲ್ಲದವರನ್ನು ಮರೆತ ಪರಿಹಾರ ಹದಿನೇಳನೇ ವಿಧಿಯ ಮೊದಲ ಪದವನ್ನೇ ಮರೆತಂತೆ. ನಾಲ್ಕು, ಖುಷ್ಕಿ ಹಳ್ಳಿಗಳ ಕೆರೆಗಳಿಗೆ ನೀರು ತುಂಬಿಸುವ ಕೆಲಸದಲ್ಲಿ ತಂಬಾಕು ಬಿಡುವ ಊರುಗಳಿಗೆ ಮೊದಲ ಸರದಿ ಸಿಗಬೇಕು. ಐದು, ಮುಂದಿನ ಸಮ್ಮೇಳನಕ್ಕೆ ಹೋಗುವ ಭಾರತದ ನಿಯೋಗ ಅದಕ್ಕೆ ಮುಂಚೆ ನಮ್ಮ ತಾಲ್ಲೂಕುಗಳಿಗೆ ಬಂದು ಬೆಳೆಗಾರರ, ಕೂಲಿಕಾರರ ಮಾತು ಕೇಳಿ ದಾಖಲಿಸಬೇಕು.

ಗೇಣಿದಾರನಿಗೆ ಉಳುವ ಭೂಮಿಯ ಒಡೆತನ ಕೊಟ್ಟ 1974ರ ಭೂಸುಧಾರಣೆಯನ್ನು ತಂದ ದೇವರಾಜ ಅರಸು ಇದೇ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯವರು. ಆಗಲೂ ಆಗದ ಮಾತು, ಹಣವಿಲ್ಲದ ಮಾತು ಎಂದವರಿದ್ದರು. ಕಾನೂನು ಬಂತು, ಗೇಣಿದಾರರು ಅರ್ಜಿ ಹಾಕಿದರು, ಭೂಮಿ ಅವರ ಹೆಸರಿಗೆ ಬಂತು. ಹಕ್ಕು ಪುಸ್ತಕದಲ್ಲಿದ್ದರೆ ಸಾಲದು, ಅದನ್ನು ಕೇಳಿ ಪಡೆಯುವವರು ಬೇಕು. ಆದ್ದರಿಂದ ನಿಮ್ಮ ಗ್ರಾಮ ಪಂಚಾಯಿತಿಯ ಮುಂದಿನ ಗ್ರಾಮಸಭೆಯಲ್ಲಿ ಮೇಲಿನ ಐದು ಹಕ್ಕೊತ್ತಾಯಗಳನ್ನು ಓದಿಸಿ, ನಿರ್ಣಯವಾಗಿ ಬರೆಸಿ. ಅದರ ಪ್ರತಿಯನ್ನು ಶಾಸಕರಿಗೆ, ಸಂಸದರಿಗೆ, ಜಿಲ್ಲಾಧಿಕಾರಿಗೆ, ತಂಬಾಕು ಮಂಡಳಿಗೆ, ಕೇಂದ್ರದ ಆರೋಗ್ಯ, ವಾಣಿಜ್ಯ ಮತ್ತು ಕೃಷಿ ಸಚಿವಾಲಯಗಳಿಗೆ ಕಳುಹಿಸಿ ಸ್ವೀಕೃತಿ ಪಡೆಯಿರಿ. ತಂಬಾಕು ಮುಂದುವರಿಸುವವರೂ ಬಿಡುವವರೂ ಒಂದೇ ನಿರ್ಣಯಕ್ಕೆ ಸಹಿ ಹಾಕಬಹುದು, ಏಕೆಂದರೆ ಇದರಲ್ಲಿ ಯಾರ ಮೇಲೂ ಬಲವಂತವಿಲ್ಲ. ಮುಂದಿನ ಹಂಗಾಮಿನ ಬೆಳೆ ಪ್ರಮಾಣ ನಿಗದಿಯಾಗುವ ಮೊದಲೇ ಈ ನಿರ್ಣಯಗಳು ದೆಹಲಿ ತಲುಪಬೇಕು. ಓದಿದ ಮೇಲೆ ಈ ಕರಪತ್ರವನ್ನು ಮಡಿಸಿಡದೆ ಪಕ್ಕದ ಮನೆಯವರಿಗೆ ಕೊಡಿ.