ಪಾಯಿಂಟು ಕಿತ್ತೆಸೆಯುವ ಮುನ್ನ ಒಂದು ಮಾತು ಕೇಳಿ, ಅಂಬಾಸಿಡರ್ ಯಜಮಾನರೇ!

ಮಳೆಗಾಲ ಹಿಡೀತು ಅಂದ್ರೆ ಮೂಡಿಗೆರೆ, ಕೊಪ್ಪ, ಬಾಳೆಹೊನ್ನೂರು ಕಡೆಯ ಗ್ಯಾರೇಜುಗಳಲ್ಲಿ ಒಂದೇ ರಾಗ. ಸೆಲ್ಫ್ ಹೊಡೆದು ಹೊಡೆದು ಬ್ಯಾಟರಿ ಕೂತಿರುತ್ತದೆ, ಗಾಡಿ ಮಾತ್ರ ಏಳುವುದಿಲ್ಲ. ನಾಲ್ಕು ಜನ ತಳ್ಳಿಕೊಂಡು ಬಂದು ನಿಲ್ಲಿಸುತ್ತಾರೆ. ಅಪ್ಪನ ಕಾಲದ ಅಂಬಾಸಿಡರ್, ತೋಟದ ಪೆಟ್ರೋಲ್ ಜೀಪು, ಮಗಳ ಮದುವೆಗೆಂದು ಬಣ್ಣ ಹೊಡೆಸಿದ ಪದ್ಮಿನಿ, ಎಲ್ಲದರ ಕಾಯಿಲೆಯೂ ಒಂದೇ: ಕರೆಂಟ್ ಬರ್ತಿಲ್ಲ.

ಈಗ ಎರಡು ಮೂರು ವರ್ಷದಿಂದ ಈ ಕಾಯಿಲೆಗೆ ಹೊಸ ವೈದ್ಯರು ಹುಟ್ಟಿಕೊಂಡಿದ್ದಾರೆ. "ಗೌಡ್ರೇ, ಇನ್ನೂ ಪಾಯಿಂಟ್ ಇಟ್ಕೊಂಡಿದೀರಾ? ಎಲೆಕ್ಟ್ರಾನಿಕ್ ಹಾಕ್ಸಿ. ಹತ್ತು ವರ್ಷ ಬಾನೆಟ್ ಎತ್ತೋದೇ ಬೇಡ. ಲೀಟರಿಗೆ ಮೂರ್ನಾಲ್ಕು ಕಿಲೋಮೀಟರ್ ಜಾಸ್ತಿ!" ಎಂದು ಬೆಂಗಳೂರಿನಿಂದ ಬಂದವರು ಕಿವಿ ಊದುತ್ತಾರೆ. ಊರಿನ ಹಳೇ ಮೆಕ್ಯಾನಿಕ್ಕು ಮುಖ ಸಿಂಡರಿಸಿ, "ಹಾಕ್ಸಿ ಸಾಮಿ, ಆದ್ರೆ ಅದು ಕೈಕೊಟ್ರೆ ನನ್ನ ಹತ್ರ ತರಬೇಡಿ" ಅನ್ನುತ್ತಾನೆ. ಗಾಡಿಯ ಯಜಮಾನ ನಡುವೆ ಸಿಕ್ಕಿ ಒದ್ದಾಡುತ್ತಾನೆ. ಇಬ್ಬರಲ್ಲಿ ಸರಿ ಯಾರು? ನನ್ನನ್ನು ಕೇಳಿದರೆ ಇಬ್ಬರೂ ಅರ್ಧರ್ಧ ಸತ್ಯ ಹೇಳುತ್ತಿದ್ದಾರೆ. ಆ ಅರ್ಧ ಸತ್ಯದಿಂದ ಕೆಡುತ್ತಿರುವುದು ಯಜಮಾನನ ದುಡ್ಡು ಮತ್ತು ಒಳ್ಳೇ ಗಾಡಿ.

ಮೊದಲು ಈ ಪಾಯಿಂಟು ಅಂದ್ರೆ ಏನು ಅಂತ ನೋಡೋಣ. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಎಂಬ ಬುದ್ಧಿವಂತ 1910ರ ಹೊತ್ತಿಗೆ ಕ್ಯಾಡಿಲಾಕ್ ಕಾರಿಗೆ ಮಾಡಿಕೊಟ್ಟ ಉಪಾಯ ಇದು. ಡಿಸ್ಟ್ರಿಬ್ಯೂಟರಿನ ಒಳಗೆ ಎರಡು ಸಣ್ಣ ಲೋಹದ ಬಿಲ್ಲೆ. ಅವು ಕೂಡಿದಾಗ ಬ್ಯಾಟರಿಯ ಕರೆಂಟು ಕಾಯಿಲಿನಲ್ಲಿ ಹರಿಯುತ್ತದೆ. ಬಿಟ್ಟಾಗ ಹರಿವು ಫಕ್ಕನೆ ನಿಲ್ಲುತ್ತದೆ. ಹಾಗೆ ನಿಂತ ಹೊಡೆತಕ್ಕೇ ಕಾಯಿಲಿನ ಇನ್ನೊಂದು ಸುತ್ತಿನಲ್ಲಿ ಸಾವಿರಾರು ವೋಲ್ಟು ಎದ್ದು ಪ್ಲಗ್ಗಿನಲ್ಲಿ ಕಿಡಿ ಹಾರುತ್ತದೆ. ಪಕ್ಕದಲ್ಲಿರುವ ಕಂಡೆನ್ಸರ್ ಎಂಬ ಪುಟ್ಟ ಡಬ್ಬಿ ಪಾಯಿಂಟಿನ ಬಾಯಲ್ಲಿ ಕಿಡಿ ಹಾರದಂತೆ ನೋಡಿಕೊಳ್ಳುತ್ತದೆ. ನಾಲ್ಕು ಸಿಲಿಂಡರಿನ ಇಂಜಿನ್ನು ನಿಮಿಷಕ್ಕೆ ಮೂರು ಸಾವಿರ ಸುತ್ತು ತಿರುಗಿದರೆ ಈ ಬಿಲ್ಲೆಗಳು ಸೆಕೆಂಡಿಗೆ ನೂರು ಸಲ ಕೂಡಿ ಬಿಡಬೇಕು. ಅದೂ 3-4 ಆಂಪಿಯರ್ ಕರೆಂಟನ್ನು ಮೈಮೇಲೆ ಹೊತ್ತುಕೊಂಡು! ಸವೆಯದೆ ಏನು ಮಾಡೀತು?

ಸವೆತ ಎರಡು ಕಡೆ. ಬಿಲ್ಲೆ ಸುಟ್ಟು ಗುಳಿ ಬೀಳುತ್ತದೆ. ಅದಕ್ಕಿಂತ ಮೋಸದ್ದು ಇನ್ನೊಂದು. ಕ್ಯಾಮಿಗೆ ಉಜ್ಜಿಕೊಂಡಿರುವ ಫೈಬರಿನ ಹಿಮ್ಮಡಿ ದಿನದಿನವೂ ಸವೆದು, ಪಾಯಿಂಟಿನ ಸಂದು ತಾನಾಗಿ ಕಿರಿದಾಗುತ್ತದೆ. ಸಂದು ಕಿರಿದಾದರೆ ಪಾಯಿಂಟು ಬಿಡುವುದು ತಡ, ಕಿಡಿ ಬರುವುದೂ ತಡ. ಅಂದರೆ ಯಾರೂ ಮುಟ್ಟದೆಯೇ ಟೈಮಿಂಗ್ ಹಿಂದಕ್ಕೆ ಹೋಗುತ್ತದೆ. ಗಾಡಿ ದಿನಾ ಒಂದು ಕೂದಲೆಳೆಯಷ್ಟು ಸೋಮಾರಿಯಾಗುತ್ತದೆ. ಓಡಿಸುವವನಿಗೆ ಗೊತ್ತೇ ಆಗುವುದಿಲ್ಲ. ಹಳೇ ಅಂಬಾಸಿಡರಿನ 1489 ಸಿ.ಸಿ. ಇಂಜಿನ್ನಿನ ಪಾಯಿಂಟಿಗೆ ಇರಬೇಕಾದ ಸಂದು ಒಂದು ಇಂಚಿನ ಸಾವಿರದಲ್ಲಿ 14ರಿಂದ 16 ಭಾಗ. ಅದನ್ನು ಫೀಲರ್ ಗೇಜಿನಲ್ಲಿ ನೋಡಬೇಕಾದವರು ಸಿಗರೇಟು ಪ್ಯಾಕಿನ ರಟ್ಟಿನಲ್ಲಿ ನೋಡುತ್ತಾರೆ. ಬೀಡಿ ಸೇದುವ ಮೆಕ್ಯಾನಿಕ್ಕಾದರೆ ಅದೂ ಇಲ್ಲ, ಕಣ್ಣಂದಾಜು!

ಎಲೆಕ್ಟ್ರಾನಿಕ್ ಕಿಟ್ಟು ಈ ಉಜ್ಜಾಟವನ್ನೇ ತೆಗೆದುಹಾಕುತ್ತದೆ. ಕ್ಯಾಮಿನ ಮೇಲೆ ಅಯಸ್ಕಾಂತದ ಒಂದು ಉಂಗುರ, ಪಕ್ಕದಲ್ಲಿ ಬೆರಳುದ್ದದ ಒಂದು ತುಂಡು. ಅಯಸ್ಕಾಂತ ಮುಂದೆ ಹಾದುಹೋದಾಗ ಆ ತುಂಡಿಗೆ ಗೊತ್ತಾಗುತ್ತದೆ, ಒಳಗಿನ ಟ್ರಾನ್ಸಿಸ್ಟರು ಕಾಯಿಲಿನ ಕರೆಂಟನ್ನು ಕಡಿಯುತ್ತದೆ. ಎಡ್ವಿನ್ ಹಾಲ್ ಎಂಬಾತ 1879ರಲ್ಲಿ ಕಂಡುಹಿಡಿದ ತತ್ವ ಇದು. ಅಮೆರಿಕದ ಕ್ರೈಸ್ಲರ್ ಕಂಪನಿ 1973ರ ಹೊತ್ತಿಗೇ ಪಾಯಿಂಟಿಗೆ ತಿಲಾಂಜಲಿ ಬಿಟ್ಟು ಎಲೆಕ್ಟ್ರಾನಿಕ್ ಇಗ್ನಿಷನ್ ಕೊಟ್ಟಿತ್ತು. ಆದ್ದರಿಂದ ಇದು ನಿನ್ನೆ ಮೊನ್ನೆಯ ಮಾಯಾಮಂತ್ರವಲ್ಲ, ಅರ್ಧ ಶತಮಾನ ದಾಟಿದ ಸರಕು. ಹೊಸದು ಅಂತ ಹೆದರುವವರೂ ಹೊಸದು ಅಂತ ಕುಣಿಯುವವರೂ ಇದನ್ನು ಗಮನದಲ್ಲಿಡಲಿ.

ನನ್ನ ಅಭಿಪ್ರಾಯ ಇಷ್ಟೇ: ದಿನಾ ರಸ್ತೆಗಿಳಿಯುವ ಹಳೇ ಗಾಡಿಗೆ ಎಲೆಕ್ಟ್ರಾನಿಕ್ ಹಾಕಿಸಿ, ತಪ್ಪೇನಿಲ್ಲ. ಕಾರಣ ಮೈಲೇಜಲ್ಲ. ಸರಿಯಾಗಿ ಸೆಟ್ ಮಾಡಿದ ಪಾಯಿಂಟಿಗೂ ಎಲೆಕ್ಟ್ರಾನಿಕ್ಕಿಗೂ ಮೈಲೇಜಿನಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಇಲ್ಲ. ಮೂರ್ನಾಲ್ಕು ಕಿಲೋಮೀಟರ್ ಜಾಸ್ತಿ ಬಂತು ಅಂದರೆ ಹಿಂದಿನ ಪಾಯಿಂಟು ಹಾಳಾಗಿತ್ತು ಅಂತಲೇ ಅರ್ಥ. ನಿಜವಾದ ಕಾರಣ ಬೇರೆ. ಒಂದು, ಈಗ ಸಿಗುವ ಪಾಯಿಂಟು ಮತ್ತು ಕಂಡೆನ್ಸರುಗಳ ಯೋಗ್ಯತೆ. 2014ರ ಮೇ ತಿಂಗಳಲ್ಲಿ ಉತ್ತರಪಾರಾದ ಕಾರ್ಖಾನೆಯಲ್ಲಿ ಅಂಬಾಸಿಡರ್ ತಯಾರಿ ನಿಂತಿತು. ಬೇಡಿಕೆ ಕುಸಿದ ಮೇಲೆ ಅಂಗಡಿಗೆ ಬರುವ ಮಾಲಿನಲ್ಲಿ ಅಸಲಿ ಯಾವುದು, ನಕಲಿ ಯಾವುದು ಅಂತ ಹೇಳುವವರಿಲ್ಲ. ಹೊಸ ಕಂಡೆನ್ಸರ್ ಹಾಕಿಸಿ ಮನೆ ತಲುಪುವಷ್ಟರಲ್ಲಿ ಗಾಡಿ ಮಿಸ್ಸಿಂಗ್ ಹೊಡೆದ ಕಥೆಗಳನ್ನು ಯಾವ ಗ್ಯಾರೇಜಿನ ಬೆಂಚಿನ ಮೇಲೆ ಕೂತರೂ ಕೇಳಬಹುದು.

ಎರಡು, ಪಾಯಿಂಟು ಸೆಟ್ ಮಾಡಬಲ್ಲ ಕೈಗಳೇ ಕಡಿಮೆಯಾದವು. ಐಟಿಐ ಮುಗಿಸಿ ಬರುವ ಹುಡುಗರಿಗೆ ಸ್ಕ್ಯಾನರ್ ಹಾಕಿ ನೋಡೋದು ಗೊತ್ತು. ಡಿಸ್ಟ್ರಿಬ್ಯೂಟರ್ ಕ್ಯಾಪು ತೆಗೆದರೆ, "ಇದೇನಣ್ಣಾ ಇದು?" ಅನ್ನುತ್ತಾರೆ. ಅವರ ತಪ್ಪಲ್ಲ ಬಿಡಿ.

ಮೂರು, ಎಮಿಷನ್. ಈ ಹಳೇ ಪೆಟ್ರೋಲ್ ಕಾರುಗಳ ಹೊಗೆಯಲ್ಲಿ ಐಡಲಿಂಗಿನಲ್ಲಿ ಕಾರ್ಬನ್ ಮಾನಾಕ್ಸೈಡ್ ಶೇ. 3 ಮತ್ತು ಹೈಡ್ರೋಕಾರ್ಬನ್ 1500 ಪಿಪಿಎಂ ದಾಟಬಾರದು. ಒಂದು ಸಿಲಿಂಡರು ಆಗಾಗ ಕಿಡಿ ತಪ್ಪಿಸಿದರೂ ಸುಡದ ಪೆಟ್ರೋಲು ಹಾಗೇ ಸೈಲೆನ್ಸರಿನಲ್ಲಿ ಹೊರಬಿದ್ದು ಹೈಡ್ರೋಕಾರ್ಬನ್ ಏರುತ್ತದೆ. ಸ್ಥಿರವಾದ ಕಿಡಿ ಇದ್ದರೆ ಆ ಕಷ್ಟ ಕಡಿಮೆ. ಈ ವರದಿಗಾರನಿಗಂತೂ ಪಿಯುಸಿ ಮುಗಿಸುವ ಯೋಗ ಬರಲಿಲ್ಲ, ನಿಮ್ಮ ಗಾಡಿಗಾದರೂ ಪಿಯುಸಿ ಚೀಟಿ ಸಿಗಲಿ!

ಆದರೆ ಸ್ವಾಮಿ, ಕಿಟ್ಟು ಮಾರುವವರು ಹೇಳದ ಮಾತುಗಳೂ ಇವೆ.

ಗಾಡಿ ಕೈಕೊಡಲು ಪಾಯಿಂಟೊಂದೇ ಕಾರಣವಲ್ಲ. ಮಲೆನಾಡಿನ ಮಳೆಯಲ್ಲಿ ಸ್ಟಾರ್ಟ್ ಆಗದ ಗಾಡಿಯಲ್ಲಿ ಬಹಳ ಸಲ ತೇವ ಕೂತಿರುವುದು ಕ್ಯಾಪಿನೊಳಗೆ. ಕ್ಯಾಪಿನಲ್ಲಿ ಕೂದಲಿನಂಥ ಒಂದು ಬಿರುಕಿದ್ದರೆ ಸಾಕು, ಕಿಡಿ ಪ್ಲಗ್ಗಿಗೆ ಹೋಗದೆ ಅಲ್ಲೇ ಓಡಾಡುತ್ತದೆ. ಕತ್ತಲಲ್ಲಿ ಬಾನೆಟ್ ಎತ್ತಿ ನೋಡಿ, ಹಳೇ ವೈರುಗಳ ಮೇಲೆ ನೀಲಿ ಕಿಡಿ ದೀಪಾವಳಿ ಮಾಡುತ್ತಿರುತ್ತದೆ. ಎಲೆಕ್ಟ್ರಾನಿಕ್ ಹಾಕಿದರೂ ಅದೇ ಕ್ಯಾಪು, ಅದೇ ರೋಟರು, ಅದೇ ವೈರು. ಡಿಸ್ಟ್ರಿಬ್ಯೂಟರಿನ ಹೊಟ್ಟೆಯಲ್ಲಿ ವೇಗಕ್ಕೆ ತಕ್ಕಂತೆ ಕಿಡಿಯನ್ನು ಮುಂದಕ್ಕೆ ತರುವ ಎರಡು ತೂಕದ ಗುಂಡುಗಳಿವೆ. ಅವು ತುಕ್ಕು ಹಿಡಿದು ಕೂತಿದ್ದರೆ, ವ್ಯಾಕ್ಯೂಮ್ ಡಬ್ಬಿಯ ಪೊರೆ ಹರಿದಿದ್ದರೆ, ಕಿಟ್ಟು ಏನು ಮಾಡೀತು? ಇನ್ನೊಂದು ಹೊಸ ತಲೆನೋವು 2025ರ ಹೊತ್ತಿಗೆ ಎಲ್ಲ ಬಂಕುಗಳಿಗೂ ಬಂದ ಶೇ. 20ರ ಎಥನಾಲ್ ಬೆರೆತ ಪೆಟ್ರೋಲು. ಹಳೇ ರಬ್ಬರು ಪೈಪು, ಪಂಪಿನ ಡಯಾಫ್ರಾಮು ಅದಕ್ಕೆಂದು ಮಾಡಿದವಲ್ಲ. ಪೆಟ್ರೋಲು ಬಾರದೆ ನಿಂತ ಗಾಡಿಗೆ ಇಗ್ನಿಷನ್ ಬದಲಾಯಿಸುವುದು, ಹೊಟ್ಟೆನೋವಿಗೆ ಕನ್ನಡಕ ಹಾಕಿದ ಹಾಗೆ.

ಆಮೇಲೆ ಅರ್ತಿನ ಪ್ರಶ್ನೆ. ಅರವತ್ತರ ದಶಕದ ನಡುವಿನವರೆಗೂ ಬಹುಪಾಲು ಇಂಗ್ಲಿಷ್ ಗಾಡಿಗಳಲ್ಲಿ ಬ್ಯಾಟರಿಯ ಪ್ಲಸ್ ತುದಿಯನ್ನೇ ಬಾಡಿಗೆ ಕಟ್ಟುತ್ತಿದ್ದರು. ಈಗಿನ ಗಾಡಿಗಳಲ್ಲಿ ಮೈನಸ್. ಪಾಯಿಂಟಿಗೆ ಇದರಿಂದ ತೊಂದರೆ ಇಲ್ಲ, ಅದು ಯಾವ ಕಡೆಯಿಂದ ಬಂದರೂ ಕೂಡಿ ಬಿಡುತ್ತದೆ. ಎಲೆಕ್ಟ್ರಾನಿಕ್ ತುಂಡಿಗೆ ಮಾತ್ರ ತಲೆಕೆಳಗಾಗಿ ಕೊಟ್ಟರೆ ಅಲ್ಲೇ ಶಿವಾಯ ನಮಃ. ಪ್ಲಸ್ ಅರ್ತಿನ ಕಿಟ್ಟು ಬೇರೆ, ಮೈನಸ್ ಅರ್ತಿನದು ಬೇರೆ. ಕೊಳ್ಳುವ ಮುಂಚೆ ಬ್ಯಾಟರಿ ಕಡೆ ಒಮ್ಮೆ ಕಣ್ಣಾಡಿಸಿ ನೋಡಿ ಅಂತ ಯಾವ ಅಂಗಡಿಯವನು ಹೇಳುತ್ತಾನೆ?

ಕಾಯಿಲೂ ಅಷ್ಟೇ. ಪಾಯಿಂಟಿನ ಗಾಡಿಯ ಸಾಧಾರಣ 12 ವೋಲ್ಟ್ ಕಾಯಿಲಿನ ರೆಸಿಸ್ಟೆನ್ಸು ಸುಮಾರು ಮೂರು ಓಂ. ನಾಲ್ಕು ಆಂಪಿಯರ್ ಹರಿಯುತ್ತದೆ. ಗುಜರಿಯಿಂದ ತಂದ ಒಂದೂವರೆ ಓಂ ಕಾಯಿಲನ್ನು ಬ್ಯಾಲಾಸ್ಟ್ ಇಲ್ಲದೆ ನೇರ ಕಟ್ಟಿದರೆ ಎಂಟು ಆಂಪಿಯರ್. ಕಾಯಿಲು ಕೆಂಡ, ಜೊತೆಗಿನ ತುಂಡು ಬೂದಿ. ಹತ್ತು ನಿಮಿಷದ ಕೆಲಸ ಅಂತ ಹೇಳಿ ಹಾಕಿಕೊಟ್ಟು, ಟೈಮಿಂಗನ್ನು ಮತ್ತೆ ನೋಡದೆ ಕಳಿಸುವವರೂ ಇದ್ದಾರೆ. ಕಿಡಿ ಕಡಿಯುವ ಜಾಗ ಪಾಯಿಂಟಿನದ್ದೇ ಆಗಿರಬೇಕೆಂದೇನೂ ಇಲ್ಲ, ಲೈಟು ಹಿಡಿದು ಹೊಸದಾಗಿ ಸೆಟ್ ಮಾಡಲೇಬೇಕು.

ಹಾಕಿಸಿದ ಮೇಲೂ ಶಿಸ್ತು ಬೇಕು. ಜಾತ್ರೆಯಲ್ಲಿ ಗಾಡಿ ನಿಲ್ಲಿಸಿ, ಕೀ ಆನ್ ಮಾಡಿಟ್ಟು ಗಂಟೆಗಟ್ಟಲೆ ಹಾಡು ಕೇಳುವ ಹುಡುಗರಿಗೆ ಇದನ್ನು ಕಿವಿ ಹಿಂಡಿ ಹೇಳಬೇಕು: ಇಂಜಿನ್ ನಿಂತಿದ್ದಾಗ ಕೀ ಆನ್ ಇದ್ದರೆ ಆ ತುಂಡು ಬೇಯುತ್ತದೆ. ಬಾಡಿಗೆ ವೆಲ್ಡಿಂಗ್ ಮಾಡಿಸುವಾಗ ಬ್ಯಾಟರಿ ವೈರು ಬಿಚ್ಚಿಡಬೇಕು. ಹಳೇ ಡೈನಮೋದ ಕಟೌಟು ಮನಸ್ಸಿಗೆ ಬಂದಷ್ಟು ವೋಲ್ಟೇಜು ಕೊಡುತ್ತಿದ್ದರೆ ಮೊದಲು ಅದನ್ನು ಸರಿಮಾಡಿಸಬೇಕು.

ಈಗ ಹಳೇ ಮೆಕ್ಯಾನಿಕ್ಕಿನ ಪಕ್ಷ. ಅವನ ಸಿಟ್ಟಿನಲ್ಲಿ ಹೊಟ್ಟೆಪಾಡು ಇದೆ, ನಿಜ. ಐದಾರು ಸಾವಿರ ಕಿಲೋಮೀಟರಿಗೊಮ್ಮೆ ಬರುತ್ತಿದ್ದ ಗಿರಾಕಿ ಇನ್ನು ಬರುವುದಿಲ್ಲ. ಆದರೆ ಅವನ ಮಾತಿನಲ್ಲಿ ಸತ್ಯವೂ ಇದೆ. ಪಾಯಿಂಟು ಸಾಯುವ ಮುಂಚೆ ನರಳುತ್ತದೆ. ಎಳೆತ ಕಡಿಮೆಯಾಗುತ್ತದೆ, ಕೆಮ್ಮುತ್ತದೆ, ಎಚ್ಚರಿಕೆ ಕೊಡುತ್ತದೆ. ನಿಂತರೂ ಝೀರೋ ಪೇಪರಿನಿಂದ ಉಜ್ಜಿ, ರಟ್ಟು ತೂರಿಸಿ ಸಂದು ಹಿಡಿದು, ಊರು ಸೇರಬಹುದು. ಎಲೆಕ್ಟ್ರಾನಿಕ್ ತುಂಡು ಹಾಗಲ್ಲ. ವರ್ಷಗಟ್ಟಲೆ ತುಟಿಪಿಟಕ್ಕೆನ್ನದೆ ದುಡಿದು ಒಂದು ಗಳಿಗೆಯಲ್ಲಿ ಕಣ್ಣು ಮುಚ್ಚುತ್ತದೆ. ರಾತ್ರಿ ಹತ್ತು ಗಂಟೆಗೆ ಚಾರ್ಮಾಡಿ ಘಾಟಿಯ ತಿರುವಿನಲ್ಲಿ, ಮಂಜು ಕವಿದಾಗ, ಮನೆಯವರನ್ನೂ ಮಕ್ಕಳನ್ನೂ ಕೂರಿಸಿಕೊಂಡು ನಿಂತವನಿಗೆ ಎಡ್ವಿನ್ ಹಾಲನ ತತ್ವ ಏನೂ ಮಾಡಲಾರದು.

ಇದಕ್ಕೆ ಪರಿಹಾರ ಕಷ್ಟದ್ದಲ್ಲ. ಕಿತ್ತ ಪಾಯಿಂಟು ಪ್ಲೇಟನ್ನು ಕಂಡೆನ್ಸರ್ ಸಮೇತ ಒಂದು ಬಿಸ್ಕತ್ತು ಡಬ್ಬದಲ್ಲಿಟ್ಟು ಡಿಕ್ಕಿಯಲ್ಲಿ ಹಾಕಿಕೊಳ್ಳಿ, ಜೊತೆಗೆ ಒಂದು ಸಣ್ಣ ಸ್ಕ್ರೂಡ್ರೈವರು, ಒಂದು ಟಾರ್ಚು. ಅರ್ಧ ಗಂಟೆಯಲ್ಲಿ ವಾಪಸ್ ಹಾಕಬಹುದು. ಅದಕ್ಕೇ ನಾನು ಹೇಳುವುದು: ಡಿಸ್ಟ್ರಿಬ್ಯೂಟರಿಗೆ ತೂತು ಕೊರೆಯದೆ, ಕಡಿಯದೆ ಕೂರುವ ಕಿಟ್ಟು ಮಾತ್ರ ಕೊಳ್ಳಿ. ಇಡೀ ಡಿಸ್ಟ್ರಿಬ್ಯೂಟರನ್ನೇ ಗುಜರಿಗೆ ಹಾಕಿ ಹೊಸದು ಕೂರಿಸುತ್ತೇನೆ ಅನ್ನುವವನಿಗೆ ದೂರದಿಂದಲೇ ನಮಸ್ಕಾರ ಹೇಳಿ.

ವಿಂಟೇಜ್ ನೋಂದಣಿಯ ಆಸೆ ಇದ್ದವರಿಗಂತೂ ಇದು ಇನ್ನೂ ಮುಖ್ಯ. 2021ರಲ್ಲಿ ಕೇಂದ್ರ ಸರ್ಕಾರ ಮಾಡಿದ ನಿಯಮದಂತೆ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ, ಚಾಸಿ, ಬಾಡಿ, ಇಂಜಿನ್ನು ಬದಲಾಯಿಸದ ಗಾಡಿಗೆ 'ವಿಎ' ಅಕ್ಷರದ ವಿಶೇಷ ನಂಬರು. ಹೊಸ ನೋಂದಣಿ ಶುಲ್ಕ 20,000 ರೂಪಾಯಿ. ಅಂಥ ಗಾಡಿಯನ್ನು ದಿನನಿತ್ಯ ಓಡಿಸುವ ಹಾಗಿಲ್ಲ. ವರ್ಷಕ್ಕೆ ನಾಲ್ಕು ಸಲ ಪ್ರದರ್ಶನಕ್ಕೆ ಹೋಗುವ ಗಾಡಿಗೆ ಪಾಯಿಂಟೇ ಶೋಭೆ, ಸವೆಯುವಷ್ಟು ಓಡುವುದೇ ಇಲ್ಲವಲ್ಲ! ಕ್ಯಾಪಿನೊಳಗಿನ ತುಂಡಿನಿಂದ ಗಾಡಿಯ ಮೂಲ ರೂಪ ಕೆಟ್ಟಿತು ಅಂತ ಆರ್‌ಟಿಓ ಕಚೇರಿಯವರು ತಕರಾರು ತೆಗೆಯಬಾರದು ಎಂಬುದು ನನ್ನ ವಾದ. ಆದರೂ ಹಳೇ ಪ್ಲೇಟು ಕೈಯಲ್ಲಿದ್ದರೆ ವಾದವೇ ಬೇಡ.

ಇನ್ನೊಂದು ಕೋರಿಕೆ ಜಿಲ್ಲೆಯ ಐಟಿಐ ಪ್ರಿನ್ಸಿಪಾಲರಿಗೆ. ನಮ್ಮಲ್ಲಿ ಇನ್ನೂ ಎಷ್ಟೋ ಕೊಟ್ಟಿಗೆಗಳಲ್ಲಿ ಟಾರ್ಪಾಲು ಹೊದ್ದ ಗಾಡಿಗಳಿವೆ. ಅವನ್ನು ಎಬ್ಬಿಸಬಲ್ಲ ಮೆಕ್ಯಾನಿಕ್ಕುಗಳಿಗೆ ಅರವತ್ತು ಎಪ್ಪತ್ತು ದಾಟಿದೆ, ಕೆಲವರಿಗೆ ಫೀಲರ್ ಗೇಜಿನ ಅಂಕಿ ಓದಲು ಕಣ್ಣು ಸಾಲದು. ಅಂಥವರಲ್ಲಿ ಇಬ್ಬರನ್ನು ಕರೆಸಿ, ಗೌರವಧನ ಕೊಟ್ಟು, ವರ್ಷಕ್ಕೆ ಎರಡು ದಿನ ಹುಡುಗರ ಮುಂದೆ ನಿಲ್ಲಿಸಿ. ಪಾಯಿಂಟು ಸೆಟ್ ಮಾಡುವುದು, ಅದೇ ಡಿಸ್ಟ್ರಿಬ್ಯೂಟರಿಗೆ ಎಲೆಕ್ಟ್ರಾನಿಕ್ ಕೂರಿಸುವುದು, ಮತ್ತೆ ಬಿಚ್ಚಿ ಪಾಯಿಂಟು ಹಾಕುವುದು, ಮೂರನ್ನೂ ಕಲಿಯಲಿ. ಬಜೆಟ್ ಇಲ್ಲ ಅನ್ನಬೇಡಿ ಸಾರ್. ಹಳೇ ಡಿಸ್ಟ್ರಿಬ್ಯೂಟರು ಯಾವ ಗುಜರಿ ಅಂಗಡಿಯಲ್ಲಾದರೂ ತೂಕದ ಲೆಕ್ಕದಲ್ಲಿ ಸಿಗುತ್ತದೆ.