ಕೋಳಿಮರಿಯ ಉಬ್ಬಸವೂ ಸಂಘದ ಕೆಲಸವೂ

ತೋಟಗಾರರ ಪತ್ರಿಕೆಯಲ್ಲಿ ಕೋಳಿಮರಿಗೇನು ಕೆಲಸವೆಂದು ಕೆಲವು ಸದಸ್ಯರು ಕೇಳಬಹುದು. ಕಾಫಿಯ ಧಾರಣೆ, ಅಡಿಕೆಯ ಕೊಳೆರೋಗ, ಮೆಣಸಿನ ಬಳ್ಳಿಯ ಸೊರಗುರೋಗ ಇವುಗಳ ಎದುರು ಅಂಗೈಯಗಲದ ಮರಿಯೊಂದರ ಉಬ್ಬಸ ದೊಡ್ಡ ಸಂಗತಿಯಲ್ಲ, ನಿಜ. ಆದರೆ ಕೋಳಿ ಸಾಕದ ಸದಸ್ಯರ ತೋಟದಲ್ಲಿಯೂ ಕೂಲಿ ಲೈನಿನಲ್ಲಿ ಕೋಳಿಯಿಲ್ಲದ ಮನೆ ವಿರಳ. ಕಾಫಿಯ ಹಣ ವರ್ಷಕ್ಕೊಮ್ಮೆ ಬರುತ್ತದೆ. ಮೊಟ್ಟೆಯ ಹಣ ವಾರವಾರವೂ ಬರುತ್ತದೆ. ಅದು ಬಹುಮಟ್ಟಿಗೆ ಹೆಂಗಸರ ಕೈಯಲ್ಲಿ ಉಳಿದು ಮಕ್ಕಳ ಪುಸ್ತಕಕ್ಕೋ ಹಿರಿಯರ ಔಷಧಿಗೋ ಆಗುತ್ತದೆ. ಮಳೆಗಾಲದ ಒಂದೇ ವಾರದಲ್ಲಿ ಕೇರಿಯ ಮರಿಗಳೆಲ್ಲ ಬಾಯಿ ತೆರೆದು ಏದುಸಿರು ಬಿಟ್ಟು ಸತ್ತರೆ, "ಕೋಳಿಗೆ ರೋಗ ಬರುವುದು ಇದ್ದದ್ದೇ" ಎಂದು ಕೈಬಿಡುವುದು ಸರಿಯಲ್ಲವೆಂಬುದು ನಮ್ಮ ಅಭಿಪ್ರಾಯ.

ಮೊದಲಿಗೆ ತಿಳಿಯಬೇಕಾದ ಮಾತೆಂದರೆ, ಉಬ್ಬಸವೆಂಬುದು ರೋಗವಲ್ಲ, ಲಕ್ಷಣ. ಅದರ ಹಿಂದಿನ ಕಾರಣಗಳು ಹಲವು, ಮತ್ತು ಅವುಗಳಲ್ಲಿ ಎರಡು ನಮ್ಮ ತೋಟದಲ್ಲಿಯೇ ಹುಟ್ಟುವಂಥವು.

ಒಂದನೆಯದು ಬೂಷ್ಟು. ಮರಿಗಳ ಕೆಳಗೆ ಹಾಸಲು ನಾವು ಕಾಫಿ ಹೊಟ್ಟು, ಅಡಿಕೆ ಸಿಪ್ಪೆ, ಭತ್ತದ ಹೊಟ್ಟು ಇವನ್ನೇ ಬಳಸುತ್ತೇವೆ. ಒಣಗಿದ್ದರೆ ಇವು ಒಳ್ಳೆಯ ಹಾಸು. ಆಷಾಢದ ಶೀತಕ್ಕೆ ನೆನೆದು ಬೂಷ್ಟು ಹಿಡಿದರೆ ಅದರ ಕಣ್ಣಿಗೆ ಕಾಣದ ಕಣಗಳು ಮರಿಯ ಶ್ವಾಸಕೋಶಕ್ಕೆ ಇಳಿದು ಅಲ್ಲಿ ಗಂಟು ಕಟ್ಟುತ್ತವೆ. ಇಂಥ ಮರಿ ಬಾಯಿ ತೆರೆದು ಉಸಿರಾಡುತ್ತದೆ. ಸಾಮಾನ್ಯವಾಗಿ ಗೊರಗೊರ ಶಬ್ದ ಇರುವುದಿಲ್ಲ. ಇದಕ್ಕೆ ಹಿತ್ತಲಲ್ಲಿ ಕೊಡಬಹುದಾದ ಪರಿಣಾಮಕಾರಿ ಔಷಧಿಯಿಲ್ಲ. ಹಾಸನ್ನು ಬದಲಿಸಿ ಉಳಿದ ಮರಿಗಳನ್ನು ಉಳಿಸಿಕೊಳ್ಳುವುದೇ ದಾರಿ.

ಎರಡನೆಯದು ಶ್ವಾಸನಾಳದ ಹುಳು. ಅಡಿಕೆ ತೋಟದ ತಂಪು ನೆಲದಲ್ಲಿ ಎರೆಹುಳುಗಳು ಯಥೇಚ್ಛ. ತೋಟಕ್ಕೆ ಅವು ಉಪಕಾರಿ. ಆದರೆ ಈ ರೋಗದ ಹುಳುವಿನ ಮರಿಗಳು ಎರೆಹುಳುವಿನ ಮತ್ತು ಬಸವನಹುಳುವಿನ ದೇಹದಲ್ಲಿ ವರ್ಷಗಟ್ಟಲೆ ಉಳಿಯಬಲ್ಲವು. ಕೋಳಿಮರಿ ಅದನ್ನು ಹೆಕ್ಕಿ ತಿಂದಾಗ ಅವು ಶ್ವಾಸನಾಳಕ್ಕೆ ಸೇರುತ್ತವೆ. ಮರಿ ಕತ್ತು ಚಾಚಿ ಬಾಯಗಲಿಸಿ, ಗಂಟಲಿಗೆ ಸಿಕ್ಕಿದ್ದನ್ನು ಉದುರಿಸುವಂತೆ ತಲೆ ಕೊಡವುತ್ತಿದ್ದರೆ ಇದನ್ನು ಸಂಶಯಿಸಬೇಕು. ಪಶುವೈದ್ಯರು ತೂಕ ನೋಡಿ ಕೊಡುವ ಫೆನ್‌ಬೆಂಡಜೋಲ್‌ನಂಥ ಜಂತುನಾಶಕದಿಂದ ಇದು ವಾಸಿಯಾಗುತ್ತದೆ.

ಉಳಿದವು ಹೊರಗಿನಿಂದ ಬರುವ ಅಂಟುರೋಗಗಳು. ಕಣ್ಣಿನ ಮೂಲೆಯಲ್ಲಿ ನೊರೆ, ಮೂಗಿನಲ್ಲಿ ಸಿಂಬಳ, ಎದೆಯಲ್ಲಿ ಗೊರಗೊರ ಕಂಡರೆ ಮೈಕೋಪ್ಲಾಸ್ಮದಿಂದ ಬರುವ ದೀರ್ಘಕಾಲದ ಶ್ವಾಸರೋಗವಿರಬಹುದು. ಇದು ತಾಯಿಕೋಳಿಯಿಂದ ಮೊಟ್ಟೆಯ ಮೂಲಕವೇ ಮರಿಗೆ ಬರಬಲ್ಲದು. ಮುಖ ಬಾತು ದುರ್ವಾಸನೆಯಿದ್ದರೆ ಕೋಳಿ ನೆಗಡಿ. ಏದುಸಿರಿನ ಜೊತೆಗೆ ಹಸಿರು ಭೇದಿ, ಕತ್ತು ತಿರುಚುವುದು, ಕಾಲು ಸೋಲುವುದು ಕಂಡರೆ ಕೊಕ್ಕರೆ ರೋಗ. 1920ರ ದಶಕದ ಕೊನೆಯಲ್ಲಿ ಕುಮಾವೂಂ ಬೆಟ್ಟಗಳ ರಾಣಿಖೇತ್ ಊರಿನಲ್ಲಿ ಕಾಣಿಸಿಕೊಂಡದ್ದರಿಂದ ಇದಕ್ಕೆ ರಾಣಿಖೇತ್ ರೋಗವೆಂಬ ಹೆಸರೂ ಇದೆ. ಊರಿಗೆ ಬಂದವಳು ನೀರಿಗೆ ಬಾರದಿರುವಳೆ? ಒಂದು ಹಿತ್ತಲಿಗೆ ಬಂದ ಈ ರೋಗ ಬೇಲಿ ನೋಡಿ ನಿಲ್ಲುವುದಿಲ್ಲ.

ಮರಿಯೊಂದು ಬಾಯಿ ತೆರೆದು ಉಸಿರಾಡುವುದು ಕಂಡರೆ ಮಾಡಬೇಕಾದ್ದು ಇಷ್ಟು. ಕೂಡಲೇ ಅದನ್ನು ಬೇರ್ಪಡಿಸಿ ಒಣ ಬಟ್ಟೆ ಹಾಸಿದ ಬುಟ್ಟಿಯಲ್ಲಿಡಿ. ಕಾಯಿಲೆಯ ಮರಿ ತನ್ನ ಶಾಖವನ್ನು ತಾನು ಉಳಿಸಿಕೊಳ್ಳಲಾರದು. ಮೊದಲ ವಾರದ ಮರಿಗೆ ಸುಮಾರು 95 ಡಿಗ್ರಿ ಫ್ಯಾರನ್‌ಹೀಟ್ ಬೇಕು; ಅನಂತರ ವಾರಕ್ಕೆ 5 ಡಿಗ್ರಿಯಂತೆ ಇಳಿಸಬಹುದು. ಬಲ್ಬನ್ನು ಬುಟ್ಟಿಯ ಒಂದು ಬದಿಗೆ ಮಾತ್ರ ಕಟ್ಟಿ. ಮರಿ ಬಲ್ಬಿಗೆ ಅಂಟಿ ನಿಂತರೆ ಚಳಿ, ರೆಕ್ಕೆಯಗಲಿಸಿ ದೂರ ಸರಿದರೆ ಸೆಕೆ ಎಂದು ತಿಳಿಯಿರಿ. ಸೆಕೆ ಹೆಚ್ಚಾದರೂ ಮರಿ ಬಾಯಿ ತೆರೆದು ಏದುತ್ತದೆಂಬುದು ನೆನಪಿರಲಿ.

ಮುಷ್ಟಿಯಲ್ಲಿ ಬಿಗಿಹಿಡಿಯಬೇಡಿ. ನಮ್ಮಂತೆ ಕೋಳಿಗೆ ವಪೆಯಿಲ್ಲ; ಎದೆಗೂಡನ್ನು ಆಡಿಸಿಯೇ ಅದು ಉಸಿರೆಳೆಯಬೇಕು. ಎದೆಯನ್ನು ಒತ್ತಿ ಹಿಡಿದರೆ ಆ ಉಸಿರೂ ನಿಲ್ಲುತ್ತದೆ. ಎಣ್ಣೆ, ಈರುಳ್ಳಿ ರಸ, ಕಷಾಯ ಯಾವುದನ್ನೂ ಬಾಯಿಗೆ ಸುರಿಯಬೇಡಿ. ಶ್ವಾಸನಾಳದ ಬಾಯಿ ನಾಲಿಗೆಯ ಬುಡದಲ್ಲಿಯೇ ಇರುವುದರಿಂದ ಸುರಿದದ್ದು ನೇರ ಅಲ್ಲಿಗೇ ಇಳಿಯುತ್ತದೆ. ಕೊಕ್ಕಿನ ತುದಿಯನ್ನು ನೀರಿಗೆ ಮುಟ್ಟಿಸಿ, ತಾನಾಗಿ ಕುಡಿಯಲಿ. ಮೂಗಿಗೆ ಮೆತ್ತಿದ ಸಿಂಬಳವನ್ನು ಉಗುರುಬೆಚ್ಚಗಿನ ನೀರಿನ ಬಟ್ಟೆಯಿಂದ ಒರೆಸಿ. ಒಲೆಯ ಹೊಗೆಯಿಂದ ದೂರವಿಡಿ. ಗೂಡಿನ ಬಳಿ ಮರಿಯ ಎತ್ತರಕ್ಕೆ ಬಗ್ಗಿ ನೋಡಿ. ಹಿಕ್ಕೆಯ ಘಾಟಿಗೆ ನಿಮ್ಮ ಕಣ್ಣುರಿದರೆ ಮರಿಯ ಶ್ವಾಸಕ್ಕೆ ಆಗಲೇ ಪೆಟ್ಟು ಬಿದ್ದಿದೆ. ಮೊದಲು ಆರೋಗ್ಯದ ಮರಿಗಳಿಗೆ ಮೇವು ಹಾಕಿ, ಕಾಯಿಲೆಯದನ್ನು ಕೊನೆಯಲ್ಲಿ ಮುಟ್ಟಿ, ಕೈಕಾಲು ಸೋಪಿನಿಂದ ತೊಳೆಯಿರಿ.

ಇನ್ನು ಔಷಧಿಯ ಮಾತು. ಮನೆಯಲ್ಲಿ ಉಳಿದ ಆಂಟಿಬಯಾಟಿಕ್ ಮಾತ್ರೆಯ ಚೂರನ್ನೋ ಅಂಗಡಿಯವನು ಕೊಟ್ಟ ಪುಡಿಯನ್ನೋ ನೀರಿಗೆ ಬೆರೆಸುವ ರೂಢಿ ಹೆಚ್ಚುತ್ತಿದೆ. ಇದನ್ನು ನಾವು ಒಪ್ಪುವುದಿಲ್ಲ. ಬೂಷ್ಟಿಗೆ, ಹುಳುವಿಗೆ, ಕೊಕ್ಕರೆ ರೋಗದ ವೈರಸ್ಸಿಗೆ ಆ ಮಾತ್ರೆ ಏನೂ ಮಾಡದು. ಅದು ಉಪಯೋಗಕ್ಕೆ ಬರುವ ರೋಗಗಳಲ್ಲಿಯೂ ಎಷ್ಟು, ಎಷ್ಟು ದಿನ, ಆ ಬಳಿಕ ಎಷ್ಟು ದಿನ ಮೊಟ್ಟೆ ಮಾಂಸ ತಿನ್ನಬಾರದು ಎಂಬುದನ್ನು ವೈದ್ಯರೇ ಹೇಳಬೇಕು. ಮನುಷ್ಯರ ಕಡೆಯ ಆಸರೆಯಾದ ಕೊಲಿಸ್ಟಿನ್ ಔಷಧಿಯನ್ನು ಆಹಾರಕ್ಕಾಗಿ ಸಾಕುವ ಪ್ರಾಣಿ ಪಕ್ಷಿಗಳಿಗೆ ಕೊಡಬಾರದೆಂದು ಕೇಂದ್ರ ಸರ್ಕಾರ 2019ರಲ್ಲಿ ನಿಷೇಧಿಸಿದ್ದು ಸುಮ್ಮನೆ ಅಲ್ಲ.

"ಒಂದು ಮರಿಯ ಬೆಲೆ ಡಾಕ್ಟರ ಬಳಿಗೆ ಹೋಗುವ ಆಟೋ ಬಾಡಿಗೆಗೂ ಸಾಲದು" ಎಂಬ ಆಕ್ಷೇಪಣೆಯನ್ನು ನಾವು ಬಲ್ಲೆವು. ಲೆಕ್ಕ ಸರಿಯಾಗಿಯೇ ಇದೆ. ಹಾಗೆಂದೇ ಇದು ಒಬ್ಬೊಬ್ಬರ ಕೆಲಸವಲ್ಲ, ಸಂಘದ ಕೆಲಸ ಎನ್ನುತ್ತೇವೆ. ಕೊಕ್ಕರೆ ರೋಗ ಬಂದ ಮೇಲೆ ಔಷಧಿಯಿಲ್ಲ. ಬಾರದಂತೆ ತಡೆಯಲು ಲಸಿಕೆಯಿದೆ. 5ರಿಂದ 7ನೆಯ ದಿನದಲ್ಲಿ ಕಣ್ಣಿಗೋ ಮೂಗಿಗೋ ಒಂದು ಹನಿ, ಸುಮಾರು 4ನೆಯ ವಾರದಲ್ಲಿ ಮತ್ತೊಮ್ಮೆ, 8ನೆಯ ವಾರದ ಹೊತ್ತಿಗೆ ಆರ್‌2ಬಿ ಚುಚ್ಚುಮದ್ದು. ಅಡಚಣೆ ಬೆಲೆಯದಲ್ಲ, ಅಳತೆಯದು. ಲಸಿಕೆ ನೂರು ಅಥವಾ ಅದಕ್ಕೂ ಹೆಚ್ಚು ಮರಿಗಳಿಗಾಗುವ ಬುಡ್ಡಿಯಲ್ಲಿ ಬರುತ್ತದೆ. ತಂಪಿನಲ್ಲಿಯೇ ಇರಬೇಕು, ಕಲಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು. ಎಂಟು ಮರಿಯ ಮನೆಯವರು ಬುಡ್ಡಿ ತಂದು ಏನು ಮಾಡಿಯಾರು? ಆದರೆ ಹನ್ನೆರಡು ಮನೆ ಒಂದಾದರೆ ಬುಡ್ಡಿ ಖಾಲಿಯಾಗುತ್ತದೆ, ಖರ್ಚೂ ಹಂಚಿಹೋಗುತ್ತದೆ.

ಕೊಳೆರೋಗಕ್ಕೆ ಕಾಯಿ ಉದುರಿದ ಮೇಲೆ ಯಾರೂ ದೋಟಿ ಎತ್ತುವುದಿಲ್ಲ. ಮಳೆ ಹಿಡಿಯುವ ಮೊದಲೇ ಶೇಕಡ 1ರ ಬೋರ್ಡೋ ದ್ರಾವಣ ಹೊಡೆಯುತ್ತೇವೆ. ಆ ವಿವೇಕವನ್ನೇ ಹಿತ್ತಲಿಗೂ ತರಬೇಕೆನ್ನುವುದಷ್ಟೇ ನಮ್ಮ ವಾದ. ಸಂಘವು ತಿಂಗಳಿಗೊಂದು ದಿನ ಗೊತ್ತುಮಾಡಿ, ಪಶು ಆಸ್ಪತ್ರೆಯ ಸಹಾಯದಿಂದ ಮಂಜುಗಡ್ಡೆ ಪೆಟ್ಟಿಗೆಯಲ್ಲಿ ಲಸಿಕೆ ತರಿಸಬಹುದು. ಲೈನಿನ ಮನೆಗಳನ್ನು ಬಿಟ್ಟು ಸದಸ್ಯರ ಮರಿಗಳಿಗಷ್ಟೇ ಹಾಕಿಸಿದರೆ ಪ್ರಯೋಜನವಿಲ್ಲ. ಆರೋಗ್ಯವಾಗಿರುವ ಮರಿಗಳನ್ನು ಮಾತ್ರ ತರಬೇಕು, ಲಸಿಕೆ ಚಿಕಿತ್ಸೆಯಲ್ಲ.

ಒಂದು ಎಚ್ಚರಿಕೆಯ ಮಾತು. ಒಂದೆರಡು ದಿನದಲ್ಲಿ ಹಲವು ಕೋಳಿಗಳು ಥಟ್ಟನೆ ಸತ್ತರೆ ಕೊಯ್ಯಬೇಡಿ, ಮಾರಬೇಡಿ, ಹಳ್ಳಕ್ಕೆ ಎಸೆಯಬೇಡಿ. ಪಶು ಆಸ್ಪತ್ರೆಗೆ ಅಥವಾ 1962 ಸಂಖ್ಯೆಗೆ ತಿಳಿಸಿ. ಹಕ್ಕಿಜ್ವರ 2012ರಲ್ಲಿ ಹೆಸರಘಟ್ಟದಲ್ಲಿ, 2025ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಕಾಣಿಸಿಕೊಂಡಿತ್ತು; ಅದು ಮನುಷ್ಯರಿಗೂ ತಗಲಬಲ್ಲ ರೋಗ.

ಮುಂದಿನ ಆಡಳಿತ ಮಂಡಳಿ ಸಭೆಯಲ್ಲಿ ಈ ವಿಷಯವನ್ನು ಮಂಡಿಸಲಿದ್ದೇವೆ. ಒಪ್ಪುವ ಸದಸ್ಯರು ತಮ್ಮ ಮನೆಯ ಮತ್ತು ಲೈನಿನ ಮರಿಗಳ ಸಂಖ್ಯೆ, ವಯಸ್ಸು ಇವನ್ನು ಕಚೇರಿಯಲ್ಲಿ ಬರೆಸಿ ಹೋಗಲಿ. ಬರೆಸುವ ಕೆಲಸಕ್ಕೆ ಮನೆಯ ಹೆಂಗಸರೇ ಬಂದರೆ ಇನ್ನೂ ಒಳ್ಳೆಯದು. ಲೆಕ್ಕ ಸರಿಯಾಗಿ ತಿಳಿದಿರುವುದು ಅವರಿಗೇ.