ಪೊಳ್ಳಾಚಿಯ 48 ಸಾಕ್ಷಿಗಳು

ಹೆಣ್ಣುಮಕ್ಕಳ ಮೇಲಿನ ದೌರ್ಜನ್ಯದ ಸುದ್ದಿ ಬಂದಾಗಲೆಲ್ಲ ನಮ್ಮ ಸರ್ಕಾರಗಳಿಗೆ ಮೊದಲು ಹೊಳೆಯುವುದು ಶಿಕ್ಷೆ ಹೆಚ್ಚಿಸುವ ಉಪಾಯ. ಚೆನ್ನೈನ ಅಣ್ಣಾ ವಿಶ್ವವಿದ್ಯಾಲಯದ ವಿದ್ಯಾರ್ಥಿನಿಯ ಮೇಲಿನ ಲೈಂಗಿಕ ದೌರ್ಜನ್ಯ ಪ್ರಕರಣದ ಬೆನ್ನಿಗೇ, 2025ರ ಜನವರಿಯಲ್ಲಿ, ತಮಿಳುನಾಡು ವಿಧಾನಸಭೆ ಅಂಥ ತಿದ್ದುಪಡಿ ಮಸೂದೆಯನ್ನು ಮಂಡನೆಯ ಮರುದಿನವೇ ಅಂಗೀಕರಿಸಿತು. ಕರ್ನಾಟಕಕ್ಕೂ ಇಂಥದ್ದೇ ಬೇಕು ಎನ್ನುವವರು ತಮಿಳುನಾಡಿನ ಪೊಳ್ಳಾಚಿಯ ಸಾಮೂಹಿಕ ಅತ್ಯಾಚಾರ ಪ್ರಕರಣದಲ್ಲಿ ಅದೇ ವರ್ಷದ ಮೇ 13ರಂದು ಬಂದ ತೀರ್ಪನ್ನು ಎತ್ತಿ ತೋರಿಸುತ್ತಾರೆ. ಒಂಬತ್ತು ಮಂದಿಗೆ ಸಾಯುವವರೆಗೂ ಸೆರೆಯಾಯಿತು, ಬಿಗಿ ಕಾನೂನು ಇದ್ದರೆ ಹೀಗಾಗುತ್ತದೆ ಎಂಬುದು ಅವರ ವಾದ.

ಆ ವಾದ ನಿಲ್ಲುವುದಿಲ್ಲ. ಕೊಯಮತ್ತೂರಿನ ಮಹಿಳಾ ನ್ಯಾಯಾಲಯ ಶಿಕ್ಷೆ ಕೊಟ್ಟದ್ದು ಹಳೆಯ ದಂಡ ಸಂಹಿತೆಯಡಿ. ಹೊಸ ತಿದ್ದುಪಡಿಯ ಪಾಲು ಅದರಲ್ಲಿ ಏನೂ ಇಲ್ಲ. ಪೊಳ್ಳಾಚಿ ಗೆದ್ದದ್ದು ಬೇರೊಂದು ಅಂಕಿಯಿಂದ. ಅಭಿಯೋಜನೆಯ 48 ಸಾಕ್ಷಿಗಳಲ್ಲಿ ಒಬ್ಬರೂ ತಿರುಗಿ ಬೀಳಲಿಲ್ಲ. ತೀರ್ಪಿನ ದಿನ ಎಲ್ಲ ಪತ್ರಿಕೆಗಳೂ ಇದನ್ನು ಅಚ್ಚು ಹಾಕಿದವು, ಮರುದಿನ ಎಲ್ಲರೂ ಮರೆತರು. ಅತ್ಯಾಚಾರದ ಮೊಕದ್ದಮೆಗಳಲ್ಲಿ ಶಿಕ್ಷೆಯ ಪ್ರಮಾಣ ಶೇ 30ನ್ನೂ ಮುಟ್ಟದ ದೇಶದಲ್ಲಿ, ಆರು ವರ್ಷ ಎಳೆದ ಮೊಕದ್ದಮೆಯೊಂದರಲ್ಲಿ ಇದು ಸಾಧ್ಯವಾಯಿತು. ನಾವು ಕೂತು ಓದಬೇಕಾದ ಅಧ್ಯಾಯ ಇದು.

ಆ 48 ಮಂದಿಗೆ ಹೆದರಲು ಕಾರಣಗಳಿದ್ದವು. 2019ರ ಫೆಬ್ರುವರಿಯಲ್ಲಿ 19ರ ಹರೆಯದ ವಿದ್ಯಾರ್ಥಿನಿ ದೂರು ಕೊಟ್ಟ ಕೆಲವೇ ದಿನಗಳಲ್ಲಿ ಆಕೆಯ ಅಣ್ಣನಿಗೆ ಹೊಡೆತ ಬಿತ್ತು. ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿ ಪತ್ರಕರ್ತರ ಮುಂದೆ ಆಕೆಯ ಹೆಸರು ಹೇಳಿದರು. ಪ್ರಕರಣವನ್ನು ಸಿಬಿಐಗೆ ಒಪ್ಪಿಸಿದ ಸರ್ಕಾರಿ ಆದೇಶದಲ್ಲೂ ಹೆಸರು ಅಚ್ಚಾಯಿತು. ಸಂತ್ರಸ್ತೆಯ ಗುರುತು ದೂರದಿಂದಲೂ ಹತ್ತದಂತೆ ನೋಡಿಕೊಳ್ಳಬೇಕೆಂದು ಸುಪ್ರೀಂ ಕೋರ್ಟ್ ನಿಪುಣ್ ಸಕ್ಸೇನಾ ಪ್ರಕರಣದಲ್ಲಿ ಹೇಳಿದ್ದು 2018ರ ಡಿಸೆಂಬರ್ 11ರಂದು. ಅದಾಗಿ ಸುಮಾರು ಮೂರು ತಿಂಗಳಷ್ಟೇ ಕಳೆದಿತ್ತು. ಮದ್ರಾಸ್ ಹೈಕೋರ್ಟಿನ ಮದುರೈ ಪೀಠ ಆಕೆಗೆ 25 ಲಕ್ಷ ರೂಪಾಯಿ ಕೊಡುವಂತೆ ಸರ್ಕಾರಕ್ಕೆ ಹೇಳಿತು. ಹಣ ಕೊಟ್ಟರೂ ಒಮ್ಮೆ ಬಯಲಾದ ಹೆಸರನ್ನು ವಾಪಸು ತರಲಾಗುವುದಿಲ್ಲ.

ಅದರ ಪರಿಣಾಮವನ್ನು ನಮ್ಮ ಬಂಧುಗಳ ಮನೆಗಳಲ್ಲೇ ಕಂಡೆ. ನನ್ನ ದೊಡ್ಡಮ್ಮನನ್ನು ಕೊಟ್ಟದ್ದು ಪೊಳ್ಳಾಚಿ ಕಡೆಯ ದೇವಾಂಗರ ಮನೆಗೆ. ಮನೆಯೊಳಗೆ ಕನ್ನಡ, ಬೀದಿಗಿಳಿದರೆ ತಮಿಳು. 2019ರ ಬೇಸಿಗೆಯಲ್ಲಿ ಅಲ್ಲಿ ಯಾವ ಗಂಡುಹುಡುಗನನ್ನೂ ಕೂರಿಸಿಕೊಂಡು ಯಾರೂ ಮಾತಾಡಲಿಲ್ಲ. ಹುಡುಗಿಯರ ಫೋನ್ ಮಾತ್ರ ಅವರ ಅಪ್ಪಂದಿರ ಜೇಬು ಸೇರಿತು. ಒಬ್ಬಳ ಕಾಲೇಜು ಬಿಡಿಸಿ ಮದುವೆಗೆ ಗಂಡು ನೋಡತೊಡಗಿದರು. ‘ತಪ್ಪು ಮಾಡಿದೋನ ಮನೆ ಬಾಗಿಲು ತೆಗೆದೇ ಐತೆ, ನಮ್ಮನೇದು ಯಾಕಪ್ಪಾ ಮುಚ್ಚಬೇಕು?’ ಎಂದು ಮೈದುನನ ಮಗನನ್ನು ಕೇಳಿದವಳು ದೊಡ್ಡಮ್ಮ ಒಬ್ಬಳೇ. ಶಾಲೆಯ ಮೆಟ್ಟಿಲು ಹೆಚ್ಚು ಹತ್ತದವಳು ಅವಳು. ಸ್ತ್ರೀವಾದದ ಪುಸ್ತಕಗಳಿಂದ ನಾನು ನಿಧಾನವಾಗಿ ಕಲಿತದ್ದು ಅವಳಿಗೆ ಮೊದಲೇ ತಿಳಿದಿತ್ತು.

ದೊಡ್ಡಮ್ಮನ ಪ್ರಶ್ನೆಗೆ ಆ ಸೀಮೆಯಲ್ಲೇ ಹಳೆಯ ಉತ್ತರವೊಂದಿದೆ. ಪೊಳ್ಳಾಚಿಗೆ ಹತ್ತಿರದ ಆನೈಮಲೈಯಲ್ಲಿ ಮಾಸಾಣಿ ಅಮ್ಮನ ಗುಡಿಯಿದೆ. ದೇವಿ ಅಲ್ಲಿ ನೆಲದ ಮೇಲೆ ಮಲಗಿದ್ದಾಳೆ. ಅನ್ಯಾಯಕ್ಕೆ ಒಳಗಾದವರು ಒಣಮೆಣಸಿನಕಾಯಿ ಅರೆದು ನ್ಯಾಯದ ಕಲ್ಲಿಗೆ ಬಳಿಯುತ್ತಾರೆ, ಅವರಲ್ಲಿ ಹೆಂಗಸರೇ ಹೆಚ್ಚು. ಸ್ಥಳದ ಐತಿಹ್ಯ ಹೇಳುವುದು ನನ್ನನ್ ಎಂಬ ಅರಸನ ಕಥೆ: ಅವನ ತೋಪಿನ ಮಾವಿನಹಣ್ಣು ಹೊಳೆಯಲ್ಲಿ ತೇಲಿಬಂತು, ಹುಡುಗಿಯೊಬ್ಬಳು ತಿಂದಳು, ಅವನು ಅವಳನ್ನು ಕೊಲ್ಲಿಸಿದ. ಇದೇ ಪ್ರಸಂಗ ಪ್ರಾಚೀನ ತಮಿಳಿನ ಸಂಗಂ ಸಂಕಲನವಾದ ಕುರುಂತೊಗೈಯಲ್ಲಿ ಪರಣರ್ ಕವಿಯ ಪದ್ಯವೊಂದರಲ್ಲಿ ಬರುತ್ತದೆ. ಅವಳ ಕಡೆಯವರು 81 ಆನೆಗಳನ್ನೂ ಅವಳ ತೂಕದ ಬಂಗಾರದ ಬೊಂಬೆಯನ್ನೂ ಕೊಡುತ್ತೇವೆಂದರೂ ಅರಸ ಒಪ್ಪಲಿಲ್ಲ. ಇತಿಹಾಸಕಾರರು ನನ್ನನ್‌ನನ್ನು ಕಣ್ಣೂರು ಕಡೆಯ ಏಳಿಮಲೆಗೆ ಸೇರಿಸುತ್ತಾರೆ, ಆನೈಮಲೈಯವರು ತಮ್ಮೂರಿನವನೆನ್ನುತ್ತಾರೆ. ಆ ತಕರಾರು ನನಗಿಲ್ಲಿ ಮುಖ್ಯವಲ್ಲ.

ನನಗೆ ಮುಖ್ಯ, ಕೊಲೆಯ ನಂತರ ಆದದ್ದು. ಇನ್ನೊಂದು ಸಂಗಂ ಸಂಕಲನವಾದ ಪುರನಾನೂರಿನ 151ನೆಯ ಪದ್ಯದ ಸಂದರ್ಭ ನೋಡಿ. ಇಬ್ಬರು ಸಿರಿವಂತ ನಾಯಕರು ಒಟ್ಟಿಗಿದ್ದಾಗ ಕವಿ ಬರುತ್ತಾನೆ. ಒಬ್ಬನನ್ನು ಅಪ್ಪಿಕೊಳ್ಳುತ್ತಾನೆ, ಇನ್ನೊಬ್ಬನನ್ನು ಮುಟ್ಟುವುದಿಲ್ಲ. ಯಾಕೆಂದು ಅವನು ಕೇಳಿದ್ದಕ್ಕೆ, ಹೆಣ್ಣನ್ನು ಕೊಂದ ನನ್ನನ್‌ನ ವಂಶದವನು ನೀನು, ನಿಮ್ಮ ಬೆಟ್ಟವನ್ನು ನಮ್ಮವರು ಹಾಡುವುದಿಲ್ಲ ಎಂದು ಮುಖಕ್ಕೇ ಹೇಳುತ್ತಾನೆ. ಸತ್ತ ಹುಡುಗಿಯ ಮನೆಯವರು ತಲೆ ತಗ್ಗಿಸಬೇಕಾಗಲಿಲ್ಲ. ಕೊಂದವನ ಕುಲ ತಲೆಮಾರು ಕಳೆದರೂ ಕಳಂಕ ಹೊತ್ತಿತು. ತಪ್ಪೇ ಮಾಡದ ವಂಶಜರನ್ನು ದೂರವಿಡುವುದು ಇಂದಿನ ನ್ಯಾಯಕ್ಕೆ ಒಪ್ಪುವ ಮಾತಲ್ಲ, ನಿಜ. ಆದರೆ ಅವಮಾನ ಯಾರದು ಎಂಬ ಬಗ್ಗೆ ಆ ಕವಿಗೆ ಗೊಂದಲವಿರಲಿಲ್ಲ.

ನಮ್ಮ ಕನ್ನಡದ ಜನಪದ ಗೀತೆ ‘ಕೆರೆಗೆ ಹಾರ’ವನ್ನು ಇದರ ಪಕ್ಕದಲ್ಲಿಟ್ಟರೆ ನನಗೆ ಸಂಕಟವಾಗುತ್ತದೆ. ನೀರು ಬರಲೆಂದು ಗೌಡನ ಮನೆಯವರು ಕಿರಿಸೊಸೆ ಭಾಗೀರಥಿಯನ್ನು ಕೆರೆಗೆ ಬಲಿ ಕೊಟ್ಟರು, ಗಂಡ ಬಂದು ತಾನೂ ಹಾರಿಕೊಂಡ. ಅವಳಿಗಾಗಿ ತಲೆಮಾರುಗಟ್ಟಲೆ ಕಣ್ಣೀರು ಹಾಕಿದ ನಾವು ಕೊಟ್ಟ ಗೌಡನ ಮನೆಯನ್ನು ದೂರವಿಡಲಿಲ್ಲ. ನೊಂದವಳನ್ನು ಪೂಜಿಸಿ, ನೋಯಿಸಿದವನ ಜೊತೆ ಕೂತು ಉಣ್ಣುವ ಈ ಅಭ್ಯಾಸ ನಮ್ಮಲ್ಲಿ ಇನ್ನೂ ಹೋಗಿಲ್ಲ.

2024ರ ಏಪ್ರಿಲ್‌ನಲ್ಲಿ ಹಾಸನದಲ್ಲಿ ಕಂಡದ್ದು ಇದನ್ನೇ. ಚುನಾವಣೆಯ ಹೊತ್ತಿಗೆ ಲೈಂಗಿಕ ದೌರ್ಜನ್ಯದ ವಿಡಿಯೊಗಳಿದ್ದ ಪೆನ್‌ಡ್ರೈವ್‌ಗಳು ಊರೂರು ಸುತ್ತಿದವು. ಹೆಂಗಸರ ಮುಖಗಳನ್ನು ಯಾರೂ ಮಸುಕು ಮಾಡಿರಲಿಲ್ಲ. ಊರು ಬಿಟ್ಟವರು ಆ ಹೆಂಗಸರು. ದೂರು ಕೊಡಲು ಮುಂದೆ ಬಂದವರು ಕೆಲವೇ ಮಂದಿ. ಅವರಲ್ಲೊಬ್ಬಾಕೆ, ಮನೆಗೆಲಸದ ಹೆಣ್ಣುಮಗಳು, ಕೊನೆಯವರೆಗೆ ನಿಂತದ್ದರಿಂದ 2025ರ ಆಗಸ್ಟ್ 2ರಂದು ಬೆಂಗಳೂರಿನ ವಿಶೇಷ ನ್ಯಾಯಾಲಯ ಹಾಸನದ ಮಾಜಿ ಸಂಸದ ಪ್ರಜ್ವಲ್ ರೇವಣ್ಣ ಅವರಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಪೊಳ್ಳಾಚಿಯಲ್ಲಿ ಹಾಗೆ ನಿಂತ ಸಂತ್ರಸ್ತೆಯರು ಎಂಟು ಮಂದಿ. ಅವರಿಗೆ ಒಟ್ಟು 85 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದೂ ಕೊಯಮತ್ತೂರಿನ ಕೋರ್ಟ್ ಹೇಳಿತು. ಎರಡೂ ಕಡೆ ಅಪರಾಧಿಗಳನ್ನು ಕಟ್ಟಿಹಾಕಿದ್ದು ಹೆಣ್ಣಿನ ನಾಲಿಗೆಯ ಮೇಲೆ ಗಟ್ಟಿಯಾಗಿ ಉಳಿದ ಮಾತು, ಅದಕ್ಕೆ ಬೆಂಬಲವಾಗಿ ಪ್ರಯೋಗಾಲಯದಿಂದ ಬಂದ ಪುರಾವೆ.

ಅತ್ಯಾಚಾರಕ್ಕೆ ಒಳಗಾದ ಫ್ರಾನ್ಸಿನ ಜೀಸೆಲ್ ಪೆಲಿಕೋ ತಮ್ಮ ಹೆಸರನ್ನು ತಾವೇ ಬಹಿರಂಗಪಡಿಸಿ, ತೆರೆದ ಕೋರ್ಟಿನಲ್ಲಿ ವಿಚಾರಣೆ ಕೇಳಿಕೊಂಡರು. 2024ರ ಡಿಸೆಂಬರ್‌ನಲ್ಲಿ 51 ಗಂಡಸರು ತಪ್ಪಿತಸ್ಥರೆಂದು ತೀರ್ಮಾನವಾಯಿತು. ನಮ್ಮ ಹೆಣ್ಣುಮಕ್ಕಳೂ ಹಾಗೆ ಮುಂದೆ ಬರಲಿ ಎಂಬ ಮಾತು ಇಲ್ಲಿ ಕೇಳಿಬಂತು. ನಾನು ಒಪ್ಪುವುದಿಲ್ಲ. ಹೆಸರು ಹೇಳುವುದೂ ಮುಚ್ಚಿಡುವುದೂ ಆಕೆಯ ಹಕ್ಕು. ಪೊಳ್ಳಾಚಿಯ ಹುಡುಗಿಯಿಂದ ಆ ಆಯ್ಕೆಯನ್ನು ಪೊಲೀಸರೇ ಕಿತ್ತುಕೊಂಡಿದ್ದರು. ಮುಚ್ಚಿದ ಕೋಣೆಯ ವಿಚಾರಣೆಯಲ್ಲಿ ಅದು ಒಂದಿಷ್ಟಾದರೂ ಮರಳಿ ಸಿಕ್ಕಿತು.

ಇಲ್ಲಿ ಯಾರೂ ಎತ್ತದ ಇನ್ನೊಂದು ತೀರ್ಪಿದೆ. ನಿಪುಣ್ ಸಕ್ಸೇನಾ ತೀರ್ಪಿಗೆ ಆರು ದಿನ ಮೊದಲು, 2018ರ ಡಿಸೆಂಬರ್ 5ರಂದು, ಮಹೇಂದರ್ ಚಾವ್ಲಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸಾಕ್ಷಿ ರಕ್ಷಣಾ ಯೋಜನೆಗೆ ಒಪ್ಪಿಗೆ ಕೊಟ್ಟು, ಶಾಸನ ಬರುವವರೆಗೆ ಅದೇ ದೇಶದ ಕಾನೂನು ಎಂದಿತು. ಬೆದರಿಕೆಯ ಮಟ್ಟ ನೋಡಿ ಮನೆಗೆ ಕಾವಲು, ಕೋರ್ಟಿಗೆ ಬೆಂಗಾವಲು, ಬೇರೆ ಊರಿನಲ್ಲಿ ವಾಸ, ಬೇಕಾದರೆ ಹೊಸ ಗುರುತು, ಇದಕ್ಕೆಲ್ಲ ರಾಜ್ಯಗಳು ತೆಗೆದಿಡಬೇಕಾದ ನಿಧಿ, ಎಲ್ಲವೂ ಅದರಲ್ಲಿವೆ. 2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 398ನೇ ಕಲಂ ಕೂಡ ಇಂಥ ಯೋಜನೆ ರೂಪಿಸುವುದು ಪ್ರತಿ ರಾಜ್ಯದ ಹೊಣೆ ಎನ್ನುತ್ತದೆ. ಗಲ್ಲು ಎಂದು ಕಾಗದದಲ್ಲಿ ಬರೆಯಲು ಖರ್ಚಿಲ್ಲ. ಸಾಕ್ಷಿ ಹೇಳುವವಳನ್ನು ಆರು ವರ್ಷ ಕಾಯಲು ದುಡ್ಡು ಬೇಕು, ಸಿಬ್ಬಂದಿ ಬೇಕು.

ಹಾಗಾಗಿ ಓದುಗರಲ್ಲಿ ನನ್ನದೊಂದು ಕೋರಿಕೆ. ಮುಂದಿನ ಬಜೆಟ್ ಅಧಿವೇಶನದ ಮೊದಲು ನಿಮ್ಮ ಶಾಸಕರಿಗೆ ಪತ್ರ ಬರೆಯಿರಿ. ಸಾಕ್ಷಿ ರಕ್ಷಣಾ ನಿಧಿಗೆ ಕಳೆದ ವರ್ಷ ಎಷ್ಟು ಹಣ ಇಟ್ಟಿರಿ, ನಮ್ಮ ಜಿಲ್ಲೆಯಲ್ಲಿ ಎಷ್ಟು ಹೆಣ್ಣುಮಕ್ಕಳಿಗೆ ಅದರಿಂದ ಕಾವಲು ಸಿಕ್ಕಿತು ಎಂದು ಕೇಳಿರಿ. ಉತ್ತರ ಬರುವವರೆಗೆ ಕೇಳುತ್ತಲೇ ಇರಿ.